ಬಂಪರಿನ ಹೊಲಿಗೆ

ನನ್ನ ಅಣ್ಣನಿಗೆ ಗೇಟಿನೊಳಗೆ ಕಾರು ತರಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕುಟುಂಬದಲ್ಲಿ ಈವರೆಗೆ ಯಾರೂ ಇದನ್ನು ಬಾಯಿಬಿಟ್ಟು ಹೇಳಿಲ್ಲ. ರಸ್ತೆಯಲ್ಲಿ ಓಡಿಸುತ್ತಿದ್ದ, ಬೇಕಾದ್ದಕ್ಕೂ ಬೇಡದ್ದಕ್ಕೂ ಹಾರ್ನ್ ಹೊಡೆಯುತ್ತಿದ್ದ, ಕಿಟಕಿಯ ಹೊರಗೆ ಮೊಣಕೈ ಇಟ್ಟು ಕೂರುವುದಂತೂ ಅವನಿಗೆ ಹುಟ್ಟಿನಿಂದಲೇ ಬಂದ ವಿದ್ಯೆ. ಆದರೆ ಎರಡು ಮುರಕಲ್ಲಿನ ಕಂಬಗಳ ನಡುವೆ ಕಾರನ್ನು ನುಸುಳಿಸಬೇಕಾದಾಗ ಅವನ ಲೆಕ್ಕ ತಪ್ಪುತ್ತಿತ್ತು.

ಎಂಬತ್ತರ ದಶಕದ ಕೊನೆಯ ವರ್ಷಗಳು. ಕಡಬ ಪೇಟೆಯಿಂದ ಐದು ಮೈಲಿ ಒಳಗೆ ನಮ್ಮ ಮನೆ. ಅಪ್ಪ ಒಂದು ಸಣ್ಣ ಹೊಸ ಕಾರು ತಂದಿದ್ದರು. ಅಲ್ಲಿಯವರೆಗೆ ನಮ್ಮ ಕಡೆ ಕಾರೆಂದರೆ ಹೊಳೆಯುವ ಕಬ್ಬಿಣದ ಬಂಪರಿನ ದೊಡ್ಡ ಗಾಡಿ. ಇದಕ್ಕೆ ಹಿಂದೆಯೂ ಮುಂದೆಯೂ ಕಪ್ಪು ಪ್ಲಾಸ್ಟಿಕ್ಕು. ನೋಡಲು ಬಂದವರೆಲ್ಲ ಬಗ್ಗಿ, ಬೆರಳಿನಿಂದ ತಟ್ಟಿ, "ಇದೆಂತ ಮಾರಾಯ್ರೆ, ಬಾಲ್ದಿಯ ಪ್ಲಾಸ್ಟಿಕ್ಕಾ?" ಎಂದು ನಕ್ಕು ಹೋಗುತ್ತಿದ್ದರು. ಅಪ್ಪನಿಗೆ ಅದು ಚುಚ್ಚುತ್ತಿತ್ತು. ಯಾರ ಕೈಗೂ ಕೊಡದೆ ದಿನಾ ಬೆಳಿಗ್ಗೆ ಆ ಬಂಪರನ್ನು ತಾವೇ ಒರೆಸುತ್ತಿದ್ದರು.

ನನಗೆ ಗಾಡಿ ಕಲಿಸಿದ್ದು ಅಪ್ಪನೂ ಅಲ್ಲ, ಅಣ್ಣನೂ ಅಲ್ಲ, ಪಕ್ಕದ ರಬ್ಬರ್ ತೋಟದ ಚೇಟ. ಕೇರಳದಿಂದ ಬಂದು ನೆಲೆಸಿದವರನ್ನು ನಾವು ಕರೆಯುತ್ತಿದ್ದದ್ದೇ ಹಾಗೆ. ಅವರ ಹೆಂಡತಿಯೇ ಜೀಪಿನಲ್ಲಿ ರಬ್ಬರ್ ಶೀಟು ಹೇರಿಕೊಂಡು ನೆಲ್ಯಾಡಿಗೆ ಹೋಗಿ ಬರುತ್ತಿದ್ದರು. ಹಾಗಾಗಿ ಹೆಣ್ಣುಮಗಳೊಬ್ಬಳು ಸ್ಟಿಯರಿಂಗ್ ಹಿಡಿಯುವುದು ಅವರಿಗೆ ದೊಡ್ಡ ಸಂಗತಿಯೇ ಆಗಿರಲಿಲ್ಲ. ಆ ಜೀಪು ಪಳಗಿದ ಮೇಲೆ ನಮ್ಮ ಕಾರು ನನಗೆ ಆಟದ ಸಾಮಾನಿನಂತಿತ್ತು. ಅಣ್ಣ ಗೇಟಿನ ಹೊರಗೆ ನಿಲ್ಲಿಸಿ ಹೋದದ್ದನ್ನು ಎಷ್ಟೋ ಸಲ ಒಳಗೆ ತಂದಿಟ್ಟವಳು ನಾನು.

ನನಗೆ ಕಾರು ಬೇಕಾದದ್ದು ಶೋಕಿಗಲ್ಲ. ಬಿ.ಎಡ್. ಮುಗಿಸಿ ಮನೆಯಲ್ಲಿ ಕೂತಿದ್ದೆ. ಕಡಬದ ಒಂದು ಕಾನ್ವೆಂಟ್ ಶಾಲೆಯಲ್ಲಿ ಗಣಿತಕ್ಕೆ ಟೀಚರ್ ಬೇಕಿತ್ತು. ನಮ್ಮ ಕಡೆಯ ಒಂದೇ ಒಂದು ಬಸ್ಸು ಕಡಬ ಮುಟ್ಟುವಾಗ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಗುಡ್ಡದ ದಾರಿಯಲ್ಲಿ ಒಬ್ಬಳೇ ನಡೆದು ಹೋಗಲು ಅಪ್ಪ ಬಿಡುವವರಲ್ಲ. ಕೇಳಿದಾಗೆಲ್ಲ "ನೋಡುವ" ಎನ್ನುತ್ತಿದ್ದರು. ಆ ಒಂದು ಪದವನ್ನು ಹಿಡಿದುಕೊಂಡು ನಾನು ಬದುಕಿದ್ದೆ.

ಆ ಜೂನ್‌ನಲ್ಲಿ ಅಪ್ಪ ಹಾಸನದ ಅತ್ತೆಯ ಮನೆಗೆ ಹೋಗಿದ್ದರು. ಮರುದಿನ ರೈಲಿನಲ್ಲಿ ನೆಟ್ಟಣಕ್ಕೆ ಬಂದಿಳಿಯುವವರು. ಕಾರು ಅಲ್ಲಿಗೆ ಹೋಗಬೇಕು. ಅಣ್ಣ ಬೆಳಿಗ್ಗೆಯೇ ಗೆಳೆಯರಿಗೆ ಕಾರು ತೋರಿಸಲು ಉಪ್ಪಿನಂಗಡಿಗೆ ಹೋದವನು ಮಧ್ಯಾಹ್ನ ಊಟದ ಹೊತ್ತಿಗೆ ಬಂದ. ಅಂಗಳದ ಬದಿಯಲ್ಲಿ ನಾನೂ ಅಮ್ಮನೂ ಹಲಸಿನ ಹಣ್ಣು ಕೊಯ್ದು ತೊಳೆ ಬಿಡಿಸುತ್ತಿದ್ದೆವು. ಅಣ್ಣ ನಮ್ಮ ಕಡೆ ಕೈ ಬೀಸುತ್ತಾ ಒಳಗೆ ನುಗ್ಗಿಸಿದ. ಚಟ್ ಎಂಬ ಸದ್ದು. ಬಲಗಡೆಯ ಕಂಬ ಅಲುಗಲಿಲ್ಲ, ಮುಂದಿನ ಬಂಪರು ಗೇಣುದ್ದ ಸೀಳಿತ್ತು. ಅಮ್ಮ ಮೇಣ ಮೆತ್ತಿದ ಕೈಯಲ್ಲೇ ಎದ್ದು ನಿಂತು, "ಅಯ್ಯೋ, ಅಪ್ಪನಿಗೆ ಎಂತ ಹೇಳುದು?" ಎಂದಳು.

ಅಣ್ಣ ಇಳಿದು ಬಂದ. ಅಪ್ಪನ ಎದುರು ನಿಂತು ತಪ್ಪಾಯಿತು ಎನ್ನುವ ಗಂಡಸುತನ ಅವನಿಗೆ ಯಾವತ್ತೂ ಇರಲಿಲ್ಲ. "ನಾಳೆ ಅಪ್ಪ ಬರುದ್ರೊಳಗೆ ಹೇಗಾದ್ರೂ ಸರಿ ಮಾಡಿ ಕೊಡು ಮಾರಾಯ್ತಿ. ನಿನಗೆ ಕೈಯುಂಟು" ಎಂದು ಅಂಗಲಾಚಿದ. ನಿಜ, ನನಗೆ ಕೈಯಿತ್ತು. ಮನೆಯ ಕೊಡೆ, ಚಪ್ಪಲಿ, ಗೋಣಿಚೀಲ, ರೇಡಿಯೋದ ಚರ್ಮದ ಕವರು, ಎಲ್ಲವನ್ನೂ ಹೊಲಿಯುವವಳು ನಾನೇ. ಹೊಗಳಿಕೆಗೆ ಉಬ್ಬಿಹೋದೆ, ಅದೂ ನಿಜ.

ಬಂಪರು ಬಿಚ್ಚುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಗೋಣಿ ಹಾಸಿ ಕಾರಿನಡಿ ಅಂಗಾತ ಮಲಗಿ ಹುಡುಕಿದೆ. ಕೆಳಗೆ ಎರಡು ಬೋಲ್ಟು, ಎರಡೂ ಚಕ್ರಗಳ ಮೇಲಿನ ಕಮಾನಿನಲ್ಲಿ ಒಂದೊಂದು ಸ್ಕ್ರೂ, ಬಾನೆಟ್ ಎತ್ತಿದರೆ ಇನ್ನೆರಡು. ಕೆಸರು ಹಿಡಿದು ಬಿಗಿದುಕೊಂಡವಕ್ಕೆ ಸೀಮೆಎಣ್ಣೆ ಬಿಟ್ಟು, ಅರ್ಧ ಗಂಟೆ ಕಾದು ತಿರುಗಿಸಿದೆ. ಇಂಡಿಕೇಟರಿನ ವಯರು ಕಳಚಿ ಎಳೆದರೆ ಅಷ್ಟು ದೊಡ್ಡ ಬಂಪರು ಮೊರದಷ್ಟು ಹಗುರವಾಗಿ ಕೈಗೆ ಬಂತು. ಅಣ್ಣ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ.

ಸೀಳು ಮುಂದಕ್ಕೆ ಓಡದಂತೆ ಅದರ ತುದಿಯಲ್ಲಿ ಒಂದು ತೂತು ಕೊರೆದೆ. ಕೊಡೆಯ ಕಡ್ಡಿಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಎರಡೂ ಅಂಚಿಗೆ ಸಾಲಾಗಿ ತೂತು ಮಾಡಿ, ಸುಟ್ಟುಹೋದ ಪಂಪಿನ ತಾಮ್ರದ ತಂತಿಯಿಂದ ಅಡ್ಡಡ್ಡ ಹೊಲಿದೆ. ಗೋಣಿಚೀಲಕ್ಕೆ ಹಾಕುತ್ತಿದ್ದ ಅದೇ ಹೊಲಿಗೆ. ಗಟ್ಟಿಯಾಯಿತು, ಆದರೆ ಕಪ್ಪಿನ ಮೇಲೆ ತಾಮ್ರ ಮಿರಿಮಿರಿ ಮಿಂಚುತ್ತಿತ್ತು. ಸರಿಯಾದ ಕ್ರಮವೆಂದರೆ ಬಂಪರಿನ ಒಳ ಅಂಚಿನಿಂದಲೇ ಪ್ಲಾಸ್ಟಿಕ್ ಹೆರೆದು, ಕಾದ ಚೂರಿಯಿಂದ ಕರಗಿಸಿ ಸೀಳಿಗೆ ತುಂಬುವುದು. ಅದಕ್ಕೆ ಎರಡು ದಿನವಾದರೂ ಬೇಕು.

ಚೇಟ ಬೇಲಿಯಾಚೆಯಿಂದ ನೋಡಿ ಬಂದರು. ಮಳೆಗಾಲದಲ್ಲಿ ರಬ್ಬರ್ ಮರದ ಗಾಯಕ್ಕೆ ನೀರು ಬೀಳದಂತೆ ಪ್ಲಾಸ್ಟಿಕ್ ಲಂಗ ಕಟ್ಟುತ್ತಾರಲ್ಲ, ಅದನ್ನು ಮರಕ್ಕೆ ಅಂಟಿಸುವ ಕಪ್ಪು ಅಂಟಿನ ಡಬ್ಬ ಅವರ ಕೈಯಲ್ಲಿತ್ತು.

"ಇದು ಬಳಿ ಮೋಳೇ. ಮಳೆಗಾಲ ಪೂರಾ ಮರದಲ್ಲಿ ನಿಲ್ತದೆ, ಇದರಲ್ಲಿ ನಿಲ್ಲುದಿಲ್ವಾ?" ಎಂದರು. ಅವರ ಮಲಯಾಳದಲ್ಲಿ ಮೋಳೇ ಎಂದರೆ ಮಗಳೇ.

ಬಳಿದೆ. ಹೊಲಿಗೆ ಮುಚ್ಚಿಹೋಯಿತು, ಬಣ್ಣವೂ ಹೊಂದಿತು. ರಬ್ಬರ್ ಮರ ನಿಲ್ಲುವುದು ನೆರಳಿನಲ್ಲಿ, ಕಾರು ನಿಲ್ಲುವುದು ಬಿಸಿಲಿನಲ್ಲಿ ಎಂಬುದು ಆ ಮಳೆಯ ದಿನಗಳಲ್ಲಿ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮರುದಿನ ಅಪ್ಪ ನೆಟ್ಟಣದಲ್ಲಿ ಇಳಿದು, ಕಾರಿಗೆ ಒಂದು ಸುತ್ತು ಬಂದು, ಎಲ್ಲೂ ಕಣ್ಣು ನಿಲ್ಲಿಸದೆ ಹತ್ತಿ ಕೂತರಂತೆ. ಅಣ್ಣ ಆ ಒಂದು ವಾರ ನನ್ನನ್ನು ದೇವರಂತೆ ನೋಡಿದ.

ಮಳೆಗಾಲ ಕಳೆಯಿತು. ದಿನಾ ಒರೆಸುವ ಅಪ್ಪನ ಕೈಗೂ ಒಣಗಿ ನುಣುಪಾಗಿದ್ದ ಆ ಅಂಟು ತಿಳಿಯಲಿಲ್ಲ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುತ್ತೂರಿನ ದಾರಿಯ ಸವಣೂರಿನವರೆಗೆ ಎಷ್ಟೋ ಸಲ ಓಡಿಸಿದೆ. ಜನವರಿಯಲ್ಲಿ ಒಂದು ದಿನ ಅವರು ತಾವಾಗಿಯೇ, "ಲೈಸೆನ್ಸ್ ಮಾಡಿಸು. ಜೂನ್‌ನಿಂದ ಶಾಲೆಗೆ ಹೋಗು" ಎಂದರು. ನಾನು ಅಡುಗೆಮನೆಗೆ ಓಡಿ ಅಮ್ಮನನ್ನು ಅಪ್ಪಿಕೊಂಡೆ. ಶಾಲೆಯ ಸಿಸ್ಟರ್ ನನ್ನ ಹೆಸರು ಬರೆದುಕೊಂಡರು. ಮಾರ್ಚ್ ತಿಂಗಳ ಒಂದು ಬುಧವಾರ ಪುತ್ತೂರಿನಲ್ಲಿ ಟೆಸ್ಟ್ ಎಂದು ನಿಗದಿಯಾಯಿತು.

ಟೆಸ್ಟಿಗೆ ಹತ್ತು ದಿನವಿರುವಾಗ ಪುತ್ತೂರಿನಲ್ಲಿ ನೆಂಟರ ಮದುವೆ. ಛತ್ರದ ಎದುರಿನ ಬಯಲಿನಲ್ಲಿ ಕಾರು ನಿಲ್ಲಿಸಿದ್ದೆವು. ಊಟ ಮುಗಿಸಿ ಬಂದ ಅಪ್ಪ ಸುಳ್ಯದ ಒಬ್ಬ ಹಿರಿಯರ ಜೊತೆ ಕಾರಿನ ಎದುರು ನಿಂತು ಮಾತಾಡುತ್ತಿದ್ದರು. ಅಣ್ಣನಿಗೆ ನೋಡಿದ್ದ ಹುಡುಗಿಯ ತಂದೆ ಅವರು. ಮಾತು ಮುಗಿಸಿ ಈಚೆ ಬರುವಾಗ ಅಪ್ಪನ ಬಿಳಿ ಪಂಚೆಯ ಮೇಲೆ, ಮೊಣಕಾಲಿನಿಂದ ಕೆಳಗೆ, ಡಾಮರಿನಂಥ ಕಪ್ಪು. ಬಂಪರಿನ ಅಂಟು ಬಿಸಿಲಿಗೆ ಕರಗಿ ನೆಲಕ್ಕೆ ಇಳಿಯುತ್ತಿತ್ತು. ಅದರ ಹಿಂದಿನಿಂದ ನನ್ನ ತಾಮ್ರದ ಹೊಲಿಗೆ ಒಂದೊಂದಾಗಿ ಹೊರಗೆ ಬಂದಿತ್ತು.

ಅಪ್ಪ ಬಗ್ಗಿ ನೋಡಿದರು. ಆ ಹೊಲಿಗೆಯನ್ನು ಅವರು ಮನೆಯ ಎಲ್ಲ ಗೋಣಿಗಳಲ್ಲೂ ಕಂಡವರು.

"ಇದು ನೀನು ಹೊಲಿದದ್ದಾ?"

"ಹೌದು" ಎಂದೆ. ಸುಳ್ಳು ಹೇಳಬೇಕಾದ ಕಾರಣವೇ ನನಗೆ ಕಾಣಲಿಲ್ಲ.

ಅಣ್ಣ ಅಷ್ಟರಲ್ಲಿ ಮುಂದೆ ಬಂದ. ತಲೆ ತಗ್ಗಿಸಿ, ದನಿ ಇಳಿಸಿ, ದೊಡ್ಡ ಮನಸ್ಸಿನವನ ಹಾಗೆ ಹೇಳಿದ: "ಹೇಳುದು ಬೇಡ ಅಂತ ಇದ್ದೆ ಅಪ್ಪ. ಕಲಿಯುವಾಗ ಗೇಟಿಗೆ ಗುದ್ದಿದ್ಲು. ಹೆದರಿದ್ಲು ಪಾಪ, ನಾನೇ ಸುಮ್ಮನಾದೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಗುದ್ದಿದ್ದು ಅವನು. ಅಮ್ಮ ಅಲ್ಲೇ ಇದ್ರು, ಕೇಳಿ" ಎಂದೆ. ಅಪ್ಪ ಅಮ್ಮನ ಕಡೆ ತಿರುಗಿದರು. ಸುಳ್ಯದವರೂ ತಿರುಗಿದರು. ಅಮ್ಮ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡು, "ನಾನು ಒಳಗೆ ಇದ್ದೆ. ನನಗೆ ಎಂತ ಗೊತ್ತು" ಎಂದಳು.

ಮನೆ ಮುಟ್ಟಿದೆವು. ಅಡುಗೆಮನೆಯಲ್ಲಿ ಅಮ್ಮನನ್ನು ಹಿಡಿದು ನಿಲ್ಲಿಸಿ ಕೇಳಿದೆ. ಹಲಸಿನ ಮೇಣದ ಕೈಯಲ್ಲಿ ಎದ್ದು ನಿಂತದ್ದು ಯಾರು, ಅಪ್ಪನಿಗೆ ಎಂತ ಹೇಳುದು ಎಂದದ್ದು ಯಾರು?

"ಆ ಸುಳ್ಯದವರ ಎದುರು ಹೇಗೆ ಹೇಳುದು?" ಎಂದಳು.

"ಈಗ ಅವರಿಲ್ಲವಲ್ಲ. ಈಗ ಹೋಗಿ ಅಪ್ಪನಿಗೆ ಹೇಳಿ."

ಅಮ್ಮ ಒಲೆಯ ಬೆಂಕಿ ಮುಂದಕ್ಕೆ ತಳ್ಳಿದಳು. "ನೀನು ನಾಳೆ ಇನ್ನೊಂದು ಮನೆಗೆ ಹೋಗುವವಳು. ನಮ್ಮನ್ನು ನೋಡಿಕೊಳ್ಳುವವನು ಅವನಲ್ವಾ?" ಸಿಟ್ಟಿನಲ್ಲಿ ಹೇಳಿದ ಮಾತಲ್ಲ ಅದು. ಅಕ್ಕಿ ಮುಗಿದಿದೆ ಎನ್ನುವಷ್ಟು ಸಹಜವಾಗಿ ಹೇಳಿದಳು. ಅಣ್ಣನನ್ನು ನಾನು ಕೆಲವು ವರ್ಷಗಳಲ್ಲಿ ಹೆಚ್ಚುಕಡಿಮೆ ಕ್ಷಮಿಸಿದೆ, ಅವನು ಹೇಡಿ ಎಂದು ಮೊದಲೇ ಗೊತ್ತಿತ್ತಲ್ಲ. ಅಮ್ಮನನ್ನು ಕ್ಷಮಿಸಲು ಈಗಲೂ ಆಗಿಲ್ಲ.

ಅಪ್ಪ ಬೈಯಲಿಲ್ಲ. ಗುದ್ದಿದ್ದಕ್ಕಲ್ಲ, ಮುಚ್ಚಿಟ್ಟು ಅಣ್ಣನ ಮೇಲೆ ಹೊರಿಸಿದ್ದಕ್ಕೆ ತಮಗೆ ಬೇಸರ ಎಂದರು. ಟೆಸ್ಟಿನ ಮಾತು ಎತ್ತಲಿಲ್ಲ. ನಾನು ಎತ್ತಿದಾಗ ಪೇಪರು ಮುಖಕ್ಕೆ ಹಿಡಿದರು.

ಟೆಸ್ಟಿನ ಬುಧವಾರದ ಮರುದಿನ ಸುಳ್ಯದಲ್ಲಿ ಅಣ್ಣನ ನಿಶ್ಚಿತಾರ್ಥ. ಸೋಮವಾರ ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತು, ನೆಲ ನೋಡುತ್ತಾ, "ಈ ಬಂಪರ್ ಇಟ್ಕೊಂಡು ಅವರ ಮನೆಗೆ ಹೋಗ್ಲಿಕ್ಕೆ ಆಗುದಿಲ್ಲ. ಇನ್ನೊಮ್ಮೆ ಸರಿ ಮಾಡಿ ಕೊಡ್ತೀಯಾ?" ಎಂದ. ಮುಖಕ್ಕೆ ಉಗಿಯಬೇಕಿತ್ತು. ಉಗಿಯಲಿಲ್ಲ. ಯಾಕೆಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಒಳ್ಳೆಯ ಕೆಲಸ ನೋಡಿದರೆ ಅಪ್ಪನ ಮನಸ್ಸು ಕರಗೀತೆಂಬ ಆಸೆ ಇತ್ತು ನನಗೆ, ನಾಚಿಕೆಗೆಟ್ಟ ಆಸೆ.

ಈ ಸಲ ಯಾವ ಅಂಟನ್ನೂ ಮುಟ್ಟಲಿಲ್ಲ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಕಪ್ಪನ್ನೆಲ್ಲ ತೆಗೆದೆ, ಸೋಪಿನಲ್ಲಿ ತೊಳೆದೆ, ತಂತಿ ಕತ್ತರಿಸಿದೆ. ಒಳ ಅಂಚಿನಿಂದ ಪ್ಲಾಸ್ಟಿಕ್ ಹೆರೆದು, ಚೂರಿ ಕಾಯಿಸಿ ಕಾಯಿಸಿ, ಮೊದಲು ಒಳಗಿನಿಂದ, ಆಮೇಲೆ ಹೊರಗಿನಿಂದ ಬೆಸೆದೆ. ಹೊಗೆಗೆ ಕಣ್ಣು ಉರಿಯಿತು, ಎರಡು ಬೆರಳು ಸುಟ್ಟಿತು. ಮರಳುಕಾಗದದಿಂದ ಉಜ್ಜಿ ಉಜ್ಜಿ ಬೆರಳಿಗೂ ಸೀಳು ಸಿಗದ ಹಾಗೆ ಮಾಡಿದೆ. ಪುತ್ತೂರಿನಲ್ಲಿ ನನ್ನ ಹೆಸರು ಕರೆದಿರಬೇಕಾದ ಆ ಬುಧವಾರ ಬೆಳಿಗ್ಗೆ ನಾನು ಕಾರಿನಡಿ ಮಲಗಿ ಕೊನೆಯ ಬೋಲ್ಟು ಬಿಗಿಯುತ್ತಿದ್ದೆ.

ಅಪ್ಪ ಅಂಗಳಕ್ಕೆ ಇಳಿದು ಬಂದರು. ಬಂಪರಿನ ಮೇಲೆ ಕಾಲಿಟ್ಟು ಒತ್ತಿದರು, ಕೈಯಿಂದ ಸವರಿದರು, ಸೀಳು ಎಲ್ಲಿತ್ತೆಂದು ಹುಡುಕಿದರು. ನಾನು ಎದ್ದು ಕೈ ಒರೆಸಿಕೊಂಡು ನಿಂತೆ.

"ಭಾರೀ ಲಾಯ್ಕಾಗಿದೆ. ಇಷ್ಟು ಚಂದ ಕೆಲಸ ಗೊತ್ತುಂಟು ನಿನಗೆ" ಎಂದರು. ಜೇಬಿನಿಂದ ಕಾರಿನ ಕೀ ತೆಗೆದು ಅಣ್ಣನನ್ನು ಕರೆದು ಅವನ ಕೈಗೆ ಕೊಟ್ಟರು.