ವಸುಧಾಬಾಯಿಯವರ ಲಿನಕ್ಸ್ ಸಾಲಿ

ವಸುಧಾಬಾಯಿ ನಮಗೆ ಪಾಠ ಹೇಳಲು ಬಂದರೆಂದರೆ ಮೊದಲು ಇಲಿ ಹಿಡಿಯುತ್ತಿದ್ದರು. ಹೆಗಲಿನ ಬಟ್ಟೆಯ ಚೀಲದ ಬಾಯಿ ಅಗಲಿಸಿಕೊಂಡು ಒಂದೊಂದೇ ಕಂಪ್ಯೂಟರಿನ ಹಿಂದೆ ಬಗ್ಗಿ, ಮೌಸಿನ ವೈರು ಕಿತ್ತು, ಬಾಲ ಸುತ್ತಿ ಚೀಲದೊಳಕ್ಕೆ ಬಿಡುತ್ತಿದ್ದರು. ನಾಲ್ಕೂ ಮೌಸು ಒಳಗೆ ಹೋದ ಮೇಲೆ ಚೀಲವನ್ನು ಗೋಡೆಯ ಗೂಟಕ್ಕೆ ನೇತುಹಾಕಿ ನಮ್ಮ ಕಡೆ ತಿರುಗುವರು.

"ನಡೀರಿ, ಇಲಿ ಕಾಟ ತಪ್ಪಿತು. ಇನ್ನ ಮನಷ್ಯಾರು ಕೆಲಸಾ ಸುರು ಮಾಡೋಣು."

ನಾವೆಂದರೆ ಸಾಲಿಯ ಹುಡುಗರಲ್ಲ. ಮುಧೋಳದ ಹತ್ತಿರದ ಒಂದು ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು. ಕಬ್ಬಿನ ತಳಿ ನೋಡಿಕೊಳ್ಳುವ ಬಸವರಾಜ, ಕೀಟಶಾಸ್ತ್ರದ ಶಾಂತಾ, ಮಣ್ಣು ಓದಿದ ನಾನು, ನಮ್ಮೆಲ್ಲರ ಮೇಲೆ ಮುಖ್ಯಸ್ಥರಾಗಿ ಹಿರೇಮಠ ಸರ್. ನಾನು ಮಂಡ್ಯದ ಕಡೆಯವಳು. ಅದು ನನ್ನ ಮೊದಲ ನೌಕರಿ. ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಇನ್ನೂ ಹೆಚ್ಚು ವರ್ಷ ಕಳೆದಿರಲಿಲ್ಲ. ಅಣೆಕಟ್ಟಿನ ಹಿನ್ನೀರಿಗೆ ಜಾಗ ಬಿಟ್ಟ ಜನ ಹೊಸ ಮನೆಗಳಿಗೆ ಸಾಮಾನು ಸಾಗಿಸುತ್ತಲೇ ಇದ್ದರು. ನಮಗೆ ಬಂದ ಕೆಲಸ ಸವಳು ನೆಲದ್ದು. ವರ್ಷಗಟ್ಟಲೆ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಎರೆಹೊಲಗಳ ಅಡಿಯಲ್ಲಿದ್ದ ಉಪ್ಪು ಮೇಲಕ್ಕೆದ್ದಿತ್ತು. ಬೇಸಿಗೆಯಲ್ಲಿ ಹೊಲಕ್ಕೆ ಹೋದರೆ ಯಾರೋ ಸುಣ್ಣ ಚೆಲ್ಲಿ ಹೋದ ಹಾಗೆ ಕಾಣುತ್ತಿತ್ತು. ಮುಧೋಳ, ಜಮಖಂಡಿ, ಬೀಳಗಿ ಮೂರೂ ತಾಲ್ಲೂಕಿನ ಹೊಲಗಳ ಮಣ್ಣು ತಂದು, ಉಪ್ಪು ಅಳೆದು, ಆ ಅಂಕಿಗಳನ್ನು ಕಂಪ್ಯೂಟರಿಗೆ ತುಂಬುತ್ತಿದ್ದೆವು.

ಆ ಕಂಪ್ಯೂಟರುಗಳಿಗೋ ಮನೆಮಂದಿಗೆಲ್ಲ ನೆಗಡಿ ಹತ್ತಿದ ಹಾಗೆ ಒಂದರಿಂದೊಂದಕ್ಕೆ ವೈರಸ್ಸು. ವಿಶ್ಲೇಷಣೆಗೆ ಬಳಸುತ್ತಿದ್ದ ತಂತ್ರಾಂಶದ ಪರವಾನಗಿಯೂ ಮುಗಿದು ಕೂತಿತ್ತು. ಆಗ ಯಾರೋ ಹೇಳಿದರು: ಜಮಖಂಡಿಯಲ್ಲಿ ಭೌತಶಾಸ್ತ್ರ ಕಲಿಸುವ ಒಬ್ಬ ಬಾಯಿ, ಅಂದರೆ ಮೇಡಂ, ಇದ್ದಾರೆ, ಲಿನಕ್ಸ್ ಎಂಬುದನ್ನು ಬಲ್ಲರು, ಅದಕ್ಕೆ ವೈರಸ್ಸಿನ ಕಾಟ ಇಲ್ಲ, ಪರವಾನಗಿಯ ಗೊಡವೆಯೂ ಇಲ್ಲ. ಹಿರೇಮಠ ಸರ್ ಹೇಳಿಕಳಿಸಿದರು. ಮರುವಾರವೇ ಐವತ್ತರ ಆಸುಪಾಸಿನ, ಎತ್ತರದ, ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿದ ಹೆಂಗಸು ಬಸ್ಸಿನಿಂದಿಳಿದು ನಮ್ಮ ಗೇಟಿನೊಳಗೆ ಬಂದರು.

ಮೊದಲ ದಿನ ಪರದೆಯ ಮೇಲೆ ಬರೀ ಕಪ್ಪು. ಮೂಲೆಯಲ್ಲಿ ಒಂದು ಸಣ್ಣ ಗೆರೆ ಮಿಟುಕುತ್ತಿತ್ತು. ಹಿರೇಮಠ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಬಾಯಾರ, ಇದೇನ ಕಪ್ಪ ಹಲಗಿ ತೋರಸಾಕತ್ತೀರಿ? ಇದರಾಗ ಏನೂ ಕಾಣವಲ್ದು."

"ನಿಮ್ಮ ಎರಿ ಹೊಲಾನೂ ಕಪ್ಪ ಇರ್ತದಲ್ರಿ ಡಾಕ್ಟ್ರ. ಬಿತ್ತದ ಏನ ಕಾಣತದ ಅದರಾಗ?"

ಸರ್ ನಕ್ಕುಬಿಟ್ಟರು. ಕಂಪ್ಯೂಟರಿನ ಮುಂದೆ ಅವರು ನಕ್ಕದ್ದನ್ನು ನಾವು ಕಂಡದ್ದು ಅದೇ ಮೊದಲು.

ವಸುಧಾಬಾಯಿ ಕಲಿಸಿದ ಮೊದಲ ಕಮಾಂಡ್ ಪಿ.ಡಬ್ಲ್ಯು.ಡಿ. ಅದನ್ನು ಒತ್ತಿದರೆ, ಕಂಪ್ಯೂಟರಿನೊಳಗೆ ಈಗ ಯಾವ ಫೋಲ್ಡರಿನಲ್ಲಿ ಇದ್ದೇವೆಂದು ತಿಳಿಯುತ್ತದೆ. ಬಸವರಾಜ ಬಿಡಲಿಲ್ಲ. "ಪಿಡಬ್ಲ್ಯುಡಿ ಅಂದ್ರ ರಸ್ತಾ ಮಾಡವ್ರಲ್ರೀ?"

"ಹೌದ್ರಿ, ಅವರು ರಸ್ತಾ ಮಾಡ್ತಾರ. ಇದು ಆ ರಸ್ತಾದ ಮ್ಯಾಲೆ ನೀವು ಎಲ್ಲಿ ನಿಂತೀರಿ ಅನ್ನೂದನ್ನ ಹೇಳ್ತದ. ಎಲ್ಲಿ ನಿಂತೀವಿ ಅನ್ನೂದು ಗೊತ್ತಿಲ್ಲದ ಹೆಜ್ಜಿ ಇಡಬಾರದು. ಕಂಪ್ಯೂಟರ್‍ದಾಗೂ ಅಷ್ಟ, ಕೃಷ್ಣಾ ಹೊಳ್ಯಾಗೂ ಅಷ್ಟ."

ಪಾಠದ ಹೊತ್ತಿನಲ್ಲಿ ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಿದ್ದರು. ನಾವು ಎಷ್ಟೇ ತಡವರಿಸಿದರೂ ನಮ್ಮ ಕೀಲಿಮಣೆ ಮುಟ್ಟುತ್ತಿರಲಿಲ್ಲ. ಒಮ್ಮೆ ನಾನು ಬೇಸತ್ತು, "ಮೇಡಂ, ನೀವೇ ಒಂದ್ಸಲ ಒತ್ತಿ ತೋರಿಸಿಬಿಡಿ" ಎಂದೆ. ಆ ದಿನ ಊಟದ ಹೊತ್ತಿಗೆ, ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚುತ್ತ, ತಮ್ಮ ಪುಣೆಯ ಕಥೆ ಹೇಳಿದರು. ಹರೆಯದಲ್ಲಿ ಅಲ್ಲಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅವರು ಸಹಾಯಕಿಯಾಗಿದ್ದರಂತೆ. ನಕ್ಷತ್ರ ನೋಡುವ ದೊಡ್ಡ ದೊಡ್ಡ ವಿಜ್ಞಾನಿಗಳು. ಕಂಪ್ಯೂಟರಿನ ಕೆಲಸ ಮಾತ್ರ ಎಲ್ಲದಕ್ಕೂ ಇವರೇ.

"ವಸುಧಾ, ಇದನ್ನ ಒತ್ತು, ವಸುಧಾ, ಅದನ್ನ ತಗಿ. ನನಗೂ ಭಾಳ ಹೆಮ್ಮಿ. ಮುಂದ ನಮ್ಮವ್ವಗ ಪಾರ್ಶ್ವವಾಯು ಆತು, ಜಮಖಂಡಿಗೆ ಬಂದುಬಿಟ್ಟೆ. ಆಮ್ಯಾಲೆ ಒಬ್ಬರ ಪತ್ರ ಬಂತು. ನೀ ಹೋದಮ್ಯಾಲೆ ನನ್ನ ಕೆಲಸಾ ಅರ್ಧಕ್ಕ ನಿಂತದ, ನನಗ ಒಂದೂ ತಿಳೀವಲ್ದು ಅಂತ. ಅವತ್ತ ನನಗ ಹೆಮ್ಮಿ ಅನಸಲಿಲ್ಲ ಸುಮಾ. ಉಪಕಾರ ಮಾಡೇನಿ ಅಂದ್ಕೊಂಡಿದ್ದೆ, ಅವರ ಕೈ ಕಟ್ಟಿ ಹಾಕಿ ಬಂದಿದ್ದೆ."

ಅವರ ತಾಯಿ ಬಹಳ ವರ್ಷ ಹಾಸಿಗೆಯಲ್ಲೇ ಇದ್ದು ತೀರಿಕೊಂಡರು. ವಸುಧಾಬಾಯಿ ಮದುವೆಯಾಗಲಿಲ್ಲ. ಪುಣೆಗೆ ಮರಳಲೂ ಇಲ್ಲ. ಇದನ್ನೆಲ್ಲ ಅವರು ಮಳೆ ಬಂತು, ಹೋಯಿತು ಎಂಬಷ್ಟು ಹಗುರವಾಗಿ ಹೇಳಿ, "ಆ ಉಳ್ಳಾಗಡ್ಡಿ ಸರಸು" ಎಂದು ಈರುಳ್ಳಿಯ ತಟ್ಟೆಗೆ ಕೈ ಚಾಚಿದರು.

ಕರೆಂಟು ಹೋದರೂ ಪಾಠ ನಿಲ್ಲುತ್ತಿರಲಿಲ್ಲ. "ಬೆರಳಿಗೆ ಕರೆಂಟ ಬೇಕೇನ್ರಿ?" ಎಂದು ನಮ್ಮನ್ನು ಜಗುಲಿಯಲ್ಲಿ ಸಾಲಾಗಿ ಕೂರಿಸಿ, ತೊಡೆಯ ಮೇಲೆಯೇ ಕಮಾಂಡು ಒತ್ತಿಸುತ್ತಿದ್ದರು. ಡಾಕ್ಟರೇಟು ಪಡೆದ ನಾಲ್ಕು ಜನ ತೊಡೆ ಬಡಿದುಕೊಳ್ಳುವುದನ್ನು ಕಂಡ ಹೊಲದಾಳುಗಳು, ಸಾಹೇಬರು ಭಜನಾ ಮಂಡಳಿ ಕಟ್ಟಿದ್ದಾರೆಂದು ಊರಲ್ಲಿ ಸುದ್ದಿ ಹಬ್ಬಿಸಿದ್ದರು.

ಮೂರು ತಿಂಗಳಲ್ಲಿ ನಮಗೆ ರುಚಿ ಹತ್ತಿತು. ಎಲ್ಲರಿಗಿಂತ ಹೆಚ್ಚು ಹತ್ತಿದ್ದು ಹಿರೇಮಠ ಸರ್‌ಗೆ. ಚಹಾ ಬೇಕಾದರೂ ಕಮಾಂಡು ಕೊಟ್ಟು ತರಿಸುವವರ ಹಾಗೆ ಓಡಾಡತೊಡಗಿದರು. ಆ ಹುರುಪಿನಲ್ಲೇ ಅನಾಹುತ ಆದದ್ದು.

ಸವಳು ನೆಲದ ವರದಿಯನ್ನು ಮುಂದಿನ ಸೋಮವಾರ ಬಾಗಲಕೋಟೆಯ ಸಭೆಯಲ್ಲಿ ಒಪ್ಪಿಸಬೇಕಿತ್ತು. ಯಾವ ಊರಲ್ಲಿ ಉಪ್ಪು ಹೆಚ್ಚೋ ಅಲ್ಲಿ ಮೊದಲು ಉಪ್ಪುನೀರು ಹರಿದುಹೋಗುವ ಬಸಿಗಾಲುವೆ ತೋಡುವ ತೀರ್ಮಾನ ಅಲ್ಲಿ ಆಗಲಿತ್ತು. ಜಮಖಂಡಿ ತಾಲ್ಲೂಕಿನ, ಬನಹಟ್ಟಿ ಹತ್ತಿರದ ಚಿಮ್ಮಡದಿಂದ ದುಂಡಪ್ಪ ಎಂಬ ರೈತ ಪದೇ ಪದೇ ಬಂದು, "ನಮ್ಮೂರ ಉಪ್ಪಿನ ಲೆಕ್ಕಾ ಬಂತೇನ್ರಿ ಅಕ್ಕಾರ? ಈ ಪಟ್ಟಿ ತಪ್ಪಿದ್ರ ಮತ್ತ ಯಾವಾಗೋ ಏನೋ" ಎಂದು ಕೇಳಿ ಹೋಗುತ್ತಿದ್ದ. ಅವನ ಹೊಲದಲ್ಲಿ ಕಬ್ಬು ಮೊಳಕಾಲೆತ್ತರಕ್ಕೇ ನಿಂತುಬಿಡುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಹಿರೇಮಠ ಸರ್ ತಮ್ಮ ಅಭ್ಯಾಸದ ಫೋಲ್ಡರನ್ನು ಸ್ವಚ್ಛ ಮಾಡಲು ಕೂತರು. ಎಲ್ಲವನ್ನೂ ಅಳಿಸುವ ಕಮಾಂಡು ಕೊಟ್ಟರು. ಆದರೆ ಅವರು ಇದ್ದದ್ದು ಅಭ್ಯಾಸದ ಫೋಲ್ಡರಿನಲ್ಲಲ್ಲ, ಮೂರೂ ತಾಲ್ಲೂಕಿನ ಅಂಕಿಗಳಿದ್ದ ಫೋಲ್ಡರಿನಲ್ಲಿ. ಲಿನಕ್ಸ್ ಮರುಮಾತಿಲ್ಲದೆ ಹೇಳಿದ್ದನ್ನು ಮಾಡಿತು. ಫ್ಲಾಪಿಯಲ್ಲಿ ಇಟ್ಟಿದ್ದ ಪ್ರತಿ ತೆಗೆದು ನೋಡಿದರೆ ಅದು ಕೆಟ್ಟಿತ್ತು. ಅಂಕಿ ಬರೆದಿಟ್ಟ ಹಾಳೆಗಳಿಗೆ ಗೆದ್ದಲು ಹಿಡಿದಿತ್ತು. ಮಣ್ಣು ಮತ್ತೆ ತಂದು ಅಳೆಯಬೇಕೆಂದರೆ ಇನ್ನೊಂದು ಬೇಸಿಗೆ ಬೇಕು.

ನಾನು ಜಮಖಂಡಿಗೆ ಫೋನು ಮಾಡಿದೆ. "ಎಲ್ಲಾ ಹೋಯ್ತು ಮೇಡಂ."

"ಯಾರೂ ಏನೂ ಮುಟ್ಟಬ್ಯಾಡ್ರಿ. ನಾಳೆ ಮುಂಜಾನಿ ಮೊದಲನೇ ಬಸ್ಸಿಗೆ ಬರ್ತೀನಿ. ಡಾಕ್ಟ್ರ ಊಟಾ ಮಾಡ್ಯಾರೇನು? ಇಲ್ಲಂದ್ರ ಮೊದಲ ಮಾಡಸ್ರಿ."

ಮರುದಿನ ಅವರು ಬಂದಾಗ ಹಿರೇಮಠ ಸರ್ ಕುರ್ಚಿಯಿಂದ ಎದ್ದು ನಿಂತು ತಲೆ ತಗ್ಗಿಸಿದರು. "ಬಾಯಾರ, ನಂದ ತಪ್ಪಾತ್ರಿ. ರೈತರಿಗೆ ಯಾವ ಮಾರಿ ತೋರಸ್ಲಿ ನಾ?"

"ಮಾರಿ ತೋರಸೂದು ಸೋಮವಾರ. ಇವತ್ತ ಶನಿವಾರ. ಕೂಡ್ರಿ." ಹಾಗೆಂದವರು ನಮ್ಮತ್ತ ತಿರುಗಿದರು. "ಹೋದ ವಾರ ನಾ ಕೊಟ್ಟ ಅಭ್ಯಾಸ ಯಾರ್‍ಯಾರು ಮಾಡೀರಿ?"

ಆಗ ನಮಗೆ ಮಿಂಚಿತು. ದೊಡ್ಡ ಫೈಲಿನಿಂದ ಒಂದೊಂದು ತಾಲ್ಲೂಕಿನ ಸಾಲುಗಳನ್ನು ಹುಡುಕಿ ತೆಗೆದು ತಂತಮ್ಮ ಫೋಲ್ಡರಿನಲ್ಲಿ ಇಡಲು ಅವರು ಹೇಳಿದ್ದರು. ನನಗೆ ಮುಧೋಳ, ಶಾಂತಾಳಿಗೆ ಜಮಖಂಡಿ, ಬಸವರಾಜನಿಗೆ ಬೀಳಗಿ. ನಾನೂ ಶಾಂತಾಳೂ ನಮ್ಮ ಫೈಲು ತೆಗೆದೆವು. ಎರಡೂ ಇದ್ದವು. ಬಸವರಾಜ ಮಾತ್ರ ಕತ್ತು ತುರಿಸಿಕೊಂಡ.

"ನಾ ಹುಡಕೂ ಕಮಾಂಡ್ ಕಲ್ತಿಲ್ರಿ ಬಾಯಾರ. ಬೀಳಗಿ ಫೈಲಿನ ಕೊನಿಗಿ ಇತ್ತು. ಅದಕ್ಕ ಅಂದಾಜಿನ ಮ್ಯಾಲೆ ಬಾಲಾ ಕತ್ತರಿಸಿ ಇಟ್ಟಬಿಟ್ಟೇನಿ. ಅದರಾಗ ಜಮಖಂಡಿದೂ ಒಂದಿಷ್ಟ ಬಂದೈತಿ."

"ಅಗಬಾಯಿ!" ಎಂದು ಅವರು ಹಣೆ ಚಚ್ಚಿಕೊಂಡರು.

ಮೂರನ್ನೂ ಜೋಡಿಸಲು ಕೂತೆವು. ಮೊದಲು ನನ್ನದು, ಶಾಂತಾಳದು ಇಟ್ಟು ಊರಿನ ಹೆಸರುಗಳನ್ನು ಒಂದೊಂದಾಗಿ ಓದಿದೆ. ರಬಕವಿ ಇತ್ತು, ತೇರದಾಳ ಇತ್ತು, ಚಿಮ್ಮಡ ಇರಲಿಲ್ಲ. ಶಾಂತಾ ಗಾಬರಿಯಾದಳು. ಅವಳ ಕಮಾಂಡು ಸರಿಯಾಗಿಯೇ ಇತ್ತು. ಆದರೆ ಜಮಖಂಡಿಯ ಕೊನೆಯ ಕೆಲವು ಊರುಗಳ ಅಂಕಿ ತುಂಬಲು ಕರೆಸಿದ್ದ ಟೈಪಿಸ್ಟು ತಾಲ್ಲೂಕಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು 'ಎ' ಹೆಚ್ಚು ಹಾಕಿದ್ದ. ಶಾಂತಾ ಹುಡುಕಿದ ಹೆಸರಿಗೆ ಅದು ಹೊಂದಲಿಲ್ಲ; ಚಿಮ್ಮಡ ಮತ್ತು ಸುತ್ತಲಿನ ಕೆಲವು ಊರು ಅವಳ ಬಲೆಯಿಂದ ಜಾರಿದ್ದವು.

"ಬಸವರಾಜ, ನಿಮ್ಮ ಬಾಲಾ ತೋರಸ್ರಿ" ಎಂದರು ವಸುಧಾಬಾಯಿ.

ಅವನು ಅಂದಾಜಿನ ಮೇಲೆ ಕತ್ತರಿಸಿದ ತುಂಡಿನ ತಲೆಯಲ್ಲಿ, ಬೀಳಗಿಗೂ ಮೊದಲು, ಚಿಮ್ಮಡ ಕೂತಿತ್ತು! ಆ ಸೀಮೆಯ ಅಷ್ಟೂ ಊರು ಅಲ್ಲಿದ್ದವು. ಹಿರೇಮಠ ಸರ್ ಬಸವರಾಜನನ್ನು ತಬ್ಬಿಕೊಂಡರು. ಶಾಂತಾ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಎರಡೆರಡು ಸಲ ಬಂದ ಸಾಲುಗಳನ್ನು ತೆಗೆಯುವ ಕಮಾಂಡನ್ನು ಹಿರೇಮಠ ಸರ್ ಕೈಯಿಂದಲೇ ಒತ್ತಿಸಿದರು ವಸುಧಾಬಾಯಿ. ಸರ್ ಒತ್ತುವ ಮೊದಲು ಎಲ್ಲಿದ್ದೇವೆಂದು ಮೂರು ಸಲ ಕೇಳಿಕೊಂಡರು. ಸಂಜೆಯೊಳಗೆ ಫೈಲು ಇಡಿಯಾಗಿ ನಿಂತಿತು.

ಬಸವರಾಜ ಕಾಲರ್ ಎಳೆದುಕೊಂಡ. "ಹಂಗಾರ ನನ್ನ ಅಭ್ಯಾಸ ಪಾಸ್ ಆತಲ್ರೀ ಬಾಯಾರ?"

"ಇಲ್ಲ. ನಿಮ್ಮ ಉತ್ತರಾ ತಪ್ಪದ. ಊರು ಉಳೀತು ಅಂತ ತಪ್ಪು ಖರೆ ಆಗೂದಿಲ್ಲ. ಸೋಮವಾರ ಆದಮ್ಯಾಲೆ ಮತ್ತ ಮಾಡಿ ತೋರಸ್ರಿ."

ಸೋಮವಾರದ ಪಟ್ಟಿಯಲ್ಲಿ ಚಿಮ್ಮಡವೂ ಸೇರಿತು. ಮಳೆಗಾಲ ಮುಗಿದ ಮೇಲೆ ಅಲ್ಲಿ ಬಸಿಗಾಲುವೆ ತೋಡಿದರು. ಮರುವರ್ಷದ ಸುಗ್ಗಿಗೆ ದುಂಡಪ್ಪ ಹೊಸ ಬೆಲ್ಲದ ಪೆಂಟೆ ಹೊತ್ತು ತಂದು, ಅದನ್ನು ಯಾರಿಗೆ ಕೊಡುವುದೆಂದು ತಿಳಿಯದೆ ಕೊನೆಗೆ ಕಂಪ್ಯೂಟರಿನ ಪಕ್ಕದಲ್ಲಿಟ್ಟು ಕೈಮುಗಿದು ಹೋದ. ಇರುವೆ ಮುತ್ತುವ ಮೊದಲೇ ನಾವು ಅದನ್ನು ಹಂಚಿಕೊಂಡೆವು. ವಸುಧಾಬಾಯಿ ತಮ್ಮ ಪಾಲನ್ನು ಅಲ್ಲೇ ನಿಂತು ತಿಂದು ಮುಗಿಸಿದರು.

ಕೆಲವು ವರ್ಷಗಳ ಮೇಲೆ ನನಗೆ ರಾಯಚೂರಿಗೆ ವರ್ಗವಾಯಿತು. ಫೋನಿನಲ್ಲಿ ಮಾತು ಉಳಿಯಿತು. ಒಮ್ಮೆ ಹಿರೇಮಠ ಸರ್, ಆಗಲೇ ನಿವೃತ್ತರಾಗಿದ್ದವರು, ಸುದ್ದಿ ಹೇಳಿದರು: ಬಾಯಾರ ಕಣ್ಣಿನೊಳಗೆ ಒತ್ತಡ ಹೆಚ್ಚಿ ದೃಷ್ಟಿ ಹೋಗಿಬಿಟ್ಟಿದೆ, ಮರಳುವುದಿಲ್ಲವಂತೆ. ನಾನು ಜಮಖಂಡಿಗೆ ಹೊರಟೆ. ಅದೇ ನಮ್ಮ ಕೊನೆಯ ಭೇಟಿಯಾದೀತೆಂದು ಆಗ ಗೊತ್ತಿರಲಿಲ್ಲ. ಆ ವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ಅವರು ಹೃದಯ ನಿಂತು ತೀರಿಕೊಂಡರು.

ಆ ಭೇಟಿಯ ದಿನ, ಅಳುವ ಮನೆಯೊಂದಕ್ಕೆ ಹೋಗುವ ಮನಸ್ಸು ಮಾಡಿಕೊಂಡು ಮೆಟ್ಟಿಲೇರಿದವಳಿಗೆ ಒಳಗಿನಿಂದ ಜಗಳ ಕೇಳಿಸಿತು. ಮುಧೋಳದಿಂದ ಪ್ರತಿ ವಾರ ಬಸ್ಸಿನಲ್ಲಿ ಬರುವ ಹಿರೇಮಠ ಸರ್, ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವೊಂದನ್ನು ಅವರ ಕಂಪ್ಯೂಟರಿಗೆ ಹಾಕಿದ್ದರು. ಅದು ಮೂಗಿನಲ್ಲಿ ಕನ್ನಡ ಓದುತ್ತಿತ್ತು.

"ಇಂವಾ ಯಾವ ಊರಾಂವ್ರಿ ಡಾಕ್ಟ್ರ? ಬಾಯಾಗ ಬಿಸಿ ಬದನೀಕಾಯಿ ಇಟಗೊಂಡು ಮಾತಾಡ್ಲಿಕ್ಕತ್ತಾನ!"

"ಬಾಯಾರ, ಸಾವಕಾಶ ಕೇಳ್ರಿ, ತಿಳೀತೈತಿ. ನಾನೂ ಮೊದಲ ಹಂಗ ಅಂತಿದ್ನಲ್ರಿ ನಿಮ್ಮ ಪಾಠಕ್ಕ."

ನನ್ನ ಧ್ವನಿ ಗುರುತಿಸಿ ಅವರು ಎರಡೂ ಕೈ ಚಾಚಿದರು. ನನ್ನ ಮುಖ ಮುಟ್ಟಿ, "ದಪ್ಪಾಗೀ ಬಿಡು" ಎಂದರು. ನನಗೆ ಅಳು ಬಂತು. ಅವರಿಗೆ ಅದು ಬೆರಳಿಗೇ ತಿಳಿಯಿತು. "ಅಳಬ್ಯಾಡ. ಚಿತ್ರ ನೋಡಿ ಕೆಲಸಾ ಮಾಡವಳಾಗಿದ್ರ ನಾ ಇವತ್ತ ಮೂಲಿಗೆ ಕೂತಿರ್ತಿದ್ದೆ. ನನ್ನ ಕೆಲಸೆಲ್ಲಾ ಅಕ್ಷರದಾಗ ಅದ. ಅಕ್ಷರಾ ಕಿವಿಯಿಂದನೂ ಬರ್ತಾವ" ಎಂದರು. ಆಮೇಲೆ ದನಿ ತಗ್ಗಿಸಿ, "ಮುಂಜಾನಿ ಎದ್ದಾಗ ಮಾತ್ರ ಒಂದೀಟು ತ್ರಾಸ ಆಗ್ತದ ನೋಡು. ಬೆಳಕಾತೋ ಇಲ್ಲೋ ಗೊತ್ತಾಗೂದಿಲ್ಲ" ಎಂದರು. ಅವರ ಬಾಯಿಂದ ನಾನು ಕೇಳಿದ ದೂರು ಅದೊಂದೇ.

ಚಹಾ ಮುಗಿಯುವಷ್ಟರಲ್ಲಿ ಮೂವರು ಹುಡುಗಿಯರು ಬಂದರು. ಸಸ್ಯಶಾಸ್ತ್ರದಲ್ಲಿ ಸಂಶೋಧನೆಗೆ ಸೇರಿದವರು; ಬನಹಟ್ಟಿಯವರಿಬ್ಬರು, ತೇರದಾಳದವಳೊಬ್ಬಳು. ತಂತಮ್ಮ ಲ್ಯಾಪ್‌ಟಾಪು ಬಿಚ್ಚಿಕೊಂಡು ಚಾಪೆಯ ಮೇಲೆ ಕೂತರು. ವಸುಧಾಬಾಯಿ ಸೆರಗು ಸಿಗಿಸಿಕೊಂಡು, "ಸುಮಾ, ಹೋಗಿ ಬಾರವಾ. ನನ್ನ ಪಾಠದ ಹೊತ್ತಾತು" ಎಂದರು.

ನಾನು ಕಾಲಿಗೆ ನಮಸ್ಕರಿಸಿ, ಚಪ್ಪಲಿ ಮೆಟ್ಟಿ, ಹೊಸ್ತಿಲ ಆಚೆ ನಿಂತೆ. ಹೋಗಲು ಕಾಲು ಬರಲಿಲ್ಲ. ಒಬ್ಬ ಹುಡುಗಿ ಅವಸರದಲ್ಲಿ ಏನೋ ಟೈಪು ಮಾಡಿದಳು. ಕೀಲಿಯ ಸಪ್ಪಳದಿಂದಲೇ ವಸುಧಾಬಾಯಿ ಆ ಅವಸರ ಗುರುತಿಸಿ, "ನಿಲ್ಲು, ಅದನ್ನ ಬರದೀ, ಆದ್ರ ಓದಿಲ್ಲ. ಓದಿ ಒತ್ತು" ಎಂದರು. ಹುಡುಗಿಯರು ಕಿಸಕ್ಕನೆ ನಕ್ಕರು. ಹಿರೇಮಠ ಸರ್ ನನ್ನನ್ನು ನೋಡಿ, ಬಸ್ಸಿಗೆ ಹೊತ್ತಾಯಿತೆಂದು ಕೈಗಡಿಯಾರ ತೋರಿಸಿದರು. ನಾನು ಅಲುಗಲಿಲ್ಲ.

ವಸುಧಾಬಾಯಿ ಬಾಗಿಲ ಕಡೆ ತಲೆ ತಿರುಗಿಸಿದರು.

"ಯಾರದು ಇನ್ನೂ ಬಾಗಲದಾಗ ನಿಂತವರು? ಕಲಿಯೂದಿದ್ರ ಒಳಗ ಬರ್ರಿ. ಇಲ್ಲಂದ್ರ ಬಸ್ ತಪ್ಪತದ."

ನಾನು ಚಪ್ಪಲಿ ಮತ್ತೆ ಬಿಟ್ಟು ಒಳಗೆ ಹೋದೆ. ತೇರದಾಳದ ಹುಡುಗಿ ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟಳು.