ಕಾಲೆತ್ತು ಅಂದವನು

ಹಾರ್ಲನ್ ಬೀಸ್ಲಿಯ ಕೈಗೆ ಬಂದ ಚೆಂಡು ನೆಲ ಕಾಣುತ್ತಿರಲಿಲ್ಲ. ಅವನ ಬ್ಯಾಟಿಗೆ ಬಂದ ಚೆಂಡು ಆಕಾಶ ಕಾಣುತ್ತಿರಲಿಲ್ಲ. ಕ್ಯಾರೊಲೈನಾದ ನೂಲಿನ ಗಿರಣಿ ಊರುಗಳ ಬೇಸ್‌ಬಾಲ್ ಲೀಗಿನಲ್ಲಿ ಎರಡನೇ ಬೇಸಿಗೂ ಮೂರನೆಯದಕ್ಕೂ ನಡುವೆ ನಿಂತು ಹನ್ನೊಂದು ವರ್ಷ ಹೊಟ್ಟೆ ಹೊರೆದವನು. ಹಾವಿನಂತೆ ಹರಿದು ಬರುವ ಚೆಂಡನ್ನು ಹೂ ಬಿಡಿಸಿದಷ್ಟು ಸಲೀಸಾಗಿ ಎತ್ತಿ ಎಸೆಯುತ್ತಿದ್ದ. ಬ್ಯಾಟು ಹಿಡಿದು ಬಂದನೋ, ಬೆಂಚುಗಳ ಮೇಲಿನ ಗಿರಣಿ ಜನ ಶುರು ಮಾಡುತ್ತಿದ್ದರು: "ಆ ಕಟ್ಟಿಗೆ ನಮಗೆ ಕೊಡಪ್ಪ, ಅವರೆ ಬಳ್ಳಿ ಹಬ್ಬಿಸ್ತೀವಿ."

ಅವನಂಥವನೇ ಇನ್ನೊಬ್ಬನಿದ್ದ, ಡ್ಯೂವಿ ಕ್ರೌಚ್. ಮೂರು ಬೇಸಿಗೆಗಾಲ ಇಬ್ಬರೂ ಓಡಮ್ ಎಂಬ ವಿಧವೆಯ ಮನೆಯಲ್ಲಿ ಒಂದೇ ಕೋಣೆ ಹಂಚಿಕೊಂಡಿದ್ದರು. ಆಟ ಮುಗಿಸಿ ಬಂದು ಗ್ಲೌಸಿಗೆ ಎಣ್ಣೆ ತಿಕ್ಕುತ್ತ ಸುಖದುಃಖ ಮಾತಾಡುವರು.

"ಇವತ್ತು ಎಷ್ಟು ಹೊಡೆದ್ಯೋ?"

"ಸೊನ್ನೆ. ನಿಂದು?"

"ನಂದೂ ಸೊನ್ನೆ. ಜೋಡಿಸಿದ್ರೆ ಓಡಮ್ ಅಮ್ಮನಿಗೆ ಕನ್ನಡಕ ಆಯ್ತು."

ಆಮೇಲೆ ಡ್ಯೂವಿಯನ್ನು ಪಕ್ಕದ ಊರಿನ ತಂಡ ಕರೆದುಕೊಂಡಿತು. ಹಾರ್ಲನ್ ಇಲ್ಲೇ ಉಳಿದ.

ಐವತ್ತಮೂರರ ಆಗಸ್ಟಿನಲ್ಲಿ ಮ್ಯಾನೇಜರ್ ಗಸ್ ಅವನನ್ನು ಪಕ್ಕಕ್ಕೆ ಕರೆದ. "ಸೋಮವಾರ ಹೊಸಬ ಒಬ್ಬ ಬರ್ತಾನೆ, ನಿನ್ನ ಜಾಗಕ್ಕೆ. ಅವನಿಗೆ ಬ್ಯಾಟು ಬೀಸೋಕೆ ಬರುತ್ತಂತೆ. ಶನಿವಾರ ಏನಾದ್ರೂ ಮಾಡಿ ತೋರಿಸು."

ಶನಿವಾರ ಎದುರಿಗೆ ಬಂದದ್ದು ಡ್ಯೂವಿಯ ತಂಡ. ಕೊನೆಯ ಸರದಿ, ಅವರ ಇಬ್ಬರು ಔಟ್, ಮೂರನೆಯವನೂ ಔಟಾದರೆ ಆಟ ಮುಗಿದಂತೆ, ಹಾರ್ಲನ್‌ನ ತಂಡ ಒಂದೇ ಒಂದು ರನ್ ಮುಂದೆ. ಆಗ ಡ್ಯೂವಿ ಬೀಸಿದ ಬ್ಯಾಟಿಗೆ ಚೆಂಡು ಸಿಕ್ಕಿತು. ಅದು ಎಲ್ಲರ ತಲೆ ದಾಟಿ ಹೋಯಿತು. ಅವನು ಎರಡನೇ ಬೇಸಿನ ಚೀಲದ ಮೇಲೆ ಬಂದು ನಿಂತ. ಸ್ವಂತ ಹೊಡೆತದಿಂದ ಆ ಚೀಲ ಮುಟ್ಟಿದ್ದು ಆ ವರ್ಷ ಅದೇ ಎರಡನೇ ಸಲ. ಬೆಂಚಿನಿಂದ ಅವನ ಹೆಂಡತಿ ಎದ್ದು ಹ್ಯಾಟು ಬೀಸಿದಳು.

ದೂರದಿಂದ ಚೆಂಡು ಹಾರ್ಲನ್‌ನ ಕೈಗೆ ಮರಳಿತು. ಅದನ್ನು ಚೆಂಡೆಸೆಯುವ ಪಿಚರ್‌ಗೆ ಕೊಡುವುದು ವಾಡಿಕೆ. ಅವನು ಕೊಡಲಿಲ್ಲ, ಗ್ಲೌಸಿನೊಳಗೆ ಅದುಮಿಟ್ಟ. ಪಿಚರ್‌ಗೆ ತಿಳಿಯಿತು, ತಾನು ನಿಂತು ಎಸೆಯುವ ದಿಬ್ಬದ ಹಿಂದೆ ಹೋಗಿ ಬೂಟಿನ ದಾರ ಬಿಗಿಯುತ್ತ ಕೂತ. ಈ ಚಮತ್ಕಾರ ಎಲ್ಲರಿಗೂ ಗೊತ್ತು: ಚೆಂಡು ಬಚ್ಚಿಟ್ಟು ಕಾಯುವುದು, ಚೀಲದಿಂದ ಕಾಲು ತೆಗೆದವನಿಗೆ ತಾಗಿಸಿ ಔಟ್ ಮಾಡುವುದು. ಒಂದೇ ಕೋಣೆಯಲ್ಲಿ ಮಲಗಿದವನ ಮೇಲೆ ಮಾತ್ರ ಅದನ್ನು ಆಡಬಾರದೆಂಬುದು ಎಲ್ಲೂ ಬರೆಯದ ಕಟ್ಟಳೆ.

"ನೋಡ್ದೇನೋ ಹಾರ್ಲನ್? ನನ್ನ ಹೊಡೆತ ನೋಡ್ದೇನೋ?"

"ನೋಡ್ದೆ ಕಣೋ. ಚೀಲದ ಮೇಲೆ ಮಣ್ಣು ಕೂತಿದೆ. ಕಾಲೆತ್ತು, ಒರೆಸ್ತೀನಿ."

ಡ್ಯೂವಿ ಕಾಲೆತ್ತಿದ. ಹಾರ್ಲನ್ ಗ್ಲೌಸಿನ ಚೆಂಡನ್ನು ಅವನ ಮಂಡಿಗೆ ತಾಗಿಸಿದ.

ಆಟ ಮುಗಿಯಿತು. ತಂಡದವರು ಹಾರ್ಲನ್‌ನನ್ನು ಹೆಗಲ ಮೇಲೆ ಹೊತ್ತರು. ಅಷ್ಟು ಎತ್ತರದಿಂದ ಅವನಿಗೆ ಕಂಡದ್ದು ತನ್ನ ಕಾಲನ್ನೇ ನೋಡುತ್ತ ನಿಂತ ಡ್ಯೂವಿ. ಬುಧವಾರ ಆ ತಂಡ ಡ್ಯೂವಿಯನ್ನು ಮನೆಗೆ ಕಳಿಸಿತು. ಅವನು ಗಿರಣಿಯಲ್ಲಿ ನೂಲಿಗೆ ಬಣ್ಣ ಹಾಕುವ ತೊಟ್ಟಿಯ ಕೆಲಸಕ್ಕೆ ಸೇರಿದ. ಹಾರ್ಲನ್‌ಗೆ ಇನ್ನೆರಡು ವರ್ಷದ ಅನ್ನ ಸಿಕ್ಕಿತು. ಆ ಎರಡು ವರ್ಷವೂ ಜನ ಅವನನ್ನು ಕಂಡಾಗಲೆಲ್ಲ ಪ್ರೀತಿಯಿಂದ "ಕಾಲೆತ್ತು" ಎಂದು ಕೂಗುವರು. ಅವನು ಟೋಪಿ ಮುಟ್ಟಿ ನಗುವನು. ಟೋಪಿಯ ಕೆಳಗೆ ಕಿವಿ ಕಾದ ಕಾವಲಿಯಾಗಿರುತ್ತಿತ್ತು.

ಆಟ ಬಿಟ್ಟ ಮೇಲೆ ಅದೇ ಮೈದಾನ ಗುಡಿಸುವ ಕೆಲಸ ಹಿಡಿದ. ಡ್ಯೂವಿಯ ಮನೆ ಹನ್ನೆರಡೇ ಮೈಲಿ ದೂರ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಹೋಗಲಿಲ್ಲ.

ಕೊನೆಗೊಂದು ಜುಲೈ ನಾಲ್ಕರ ಸ್ವಾತಂತ್ರ್ಯ ದಿನದಂದು ಹಳೆಯ ಆಟಗಾರರ ಪಂದ್ಯ ಇಟ್ಟರು. ಡ್ಯೂವಿ ಬಂದ, ಹೊಟ್ಟೆ ಬಂದಿತ್ತು, ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ಕ್ಷಮಿಸು ಎಂಬ ಒಂದು ಮಾತನ್ನು ಹಾರ್ಲನ್ ಬೆಳಗಿನಿಂದ ನಾಲಿಗೆಯ ಮೇಲೆ ಹೊರಳಿಸುತ್ತಿದ್ದ. ಎದುರಿಗೆ ಕಂಡಾಗ ಅದು ಗಂಟಲಿಗಿಳಿಯಿತು. ಬೇರೆ ದಾರಿ ಹೊಳೆಯಿತು.

ಡ್ಯೂವಿ ಹೊಡೆದ ಚೆಂಡು ಮುದಿ ನಾಯಿಯಂತೆ ಅವನ ಕಡೆಗೇ ಉರುಳಿ ಬಂತು. ಹಾರ್ಲನ್ ಬಗ್ಗಿದ, ಕಾಲ ನಡುವೆ ಹೋಗಲು ಬಿಟ್ಟ. ಅದು ಬೇಲಿಯವರೆಗೂ ಹೋಯಿತು. ಡ್ಯೂವಿ ಏದುಸಿರು ಬಿಡುತ್ತ ಎರಡನೇ ಬೇಸಿಗೆ ಬಂದು ನಿಂತ. ಜನ ನಕ್ಕರು. ಡ್ಯೂವಿ ನಗಲಿಲ್ಲ.

"ನೀನು ಬೇಕಂತ ಬಿಟ್ಟೆ."

"ವಯಸ್ಸಾಯ್ತು ಕಣೋ."

"ಆ ಕಥೆ ಬೇರೆಯವರಿಗೆ ಹೇಳು. ಮೂರು ವರ್ಷ ನಿನ್ನ ಕೈ ನೋಡಿದೀನಿ. ಅವತ್ತು ನಾನು ದುಡಿದದ್ದನ್ನ ನೀನು ಕಿತ್ಕೊಂಡೆ. ಇವತ್ತು ಭಿಕ್ಷೆ ಹಾಕ್ತೀಯಾ?"

ಹಾರ್ಲನ್ ಗ್ಲೌಸು ಬಿಗಿದುಕೊಂಡು ತನ್ನ ಜಾಗಕ್ಕೆ ಮರಳಿದ.

ಮುಂದಿನ ಸರದಿಯಲ್ಲಿ ಡ್ಯೂವಿ ಮೈಯ ಬಲವನ್ನೆಲ್ಲ ಹಾಕಿ ಹೊಡೆದ. ಚೆಂಡು ಹಾರ್ಲನ್‌ನ ಎಡಕ್ಕೆ ಸಿಡಿಯಿತು. ಅವನು ಯೋಚಿಸಲಿಲ್ಲ, ಹಾರಿದ. ಮಕಾಡೆ ಬಿದ್ದಾಗ ಚೆಂಡು ಗ್ಲೌಸಿನಲ್ಲಿತ್ತು. ಡ್ಯೂವಿ ಔಟಾದ. "ಹೀಗೆ ಆಡು" ಎಂದಷ್ಟೇ ಹೇಳಿ, ಕೈ ಚಾಚದೆ ತಿರುಗಿ ನಡೆದ.

ಹಾರ್ಲನ್ ಮಂಡಿಯೂರಿ ಎದ್ದು ಹಿಂದೆ ಹೋದ.

"ಡ್ಯೂವಿ, ಅವತ್ತು ಚೀಲದ ಮೇಲೆ ಮಣ್ಣಿರಲಿಲ್ಲ."

ಡ್ಯೂವಿ ತಿರುಗಿ ನೋಡಲಿಲ್ಲ. "ಅದು ಕಾಣದಷ್ಟು ಕುರುಡನೇನೋ ನಾನು? ಕೇಳಿದವನು ನೀನು ಅಂತ ಕಾಲೆತ್ತಿದೆ."