ಚಂದ್ರ ತಿಂದ ಇಪ್ಪತ್ತೆರಡು ದಿನ

ಪರವಾನಗಿ ಕಚೇರಿಯ ಕಿಟಕಿಯ ಆಚೆ ಕೂತಿದ್ದವನು ನನ್ನ ಇಕಾಮಾ ಪುಸ್ತಕ ತೆರೆದ, ಒಂದು ಪುಟ ತಿರುವಿದ, ಮುಚ್ಚಿ ನನ್ನ ಕಡೆಗೇ ನೂಕಿದ. "ಖಲಾಸ್" ಅಂದ. ಅರಬರ ನಾಡಿನ ದಮ್ಮಾಮಿಗೆ ಬಂದು ಎರಡು ವರ್ಷವಾಗುತ್ತ ಬಂದಿದ್ದರೂ ನನ್ನ ಅರಬ್ಬಿ ಅಷ್ಟಕ್ಕಷ್ಟೇ. ಆದರೆ ಈ ಶಬ್ದಕ್ಕೆ ಯಾರ ಸಹಾಯವೂ ಬೇಕಿರಲಿಲ್ಲ. ನಮ್ಮ ಬೆಳಗಾವಿಯಲ್ಲೂ ಕೆಲಸ ಮುಗಿದರೆ ಖಲಾಸ್, ಎಣ್ಣೆ ತೀರಿದರೆ ಖಲಾಸ್, ಮನುಷ್ಯ ತೀರಿದರೂ ಖಲಾಸ್. ಅವನು ಬೆರಳೆತ್ತಿ ಒಂಬತ್ತು ತೋರಿಸಿದ. ನನ್ನ ಪರವಾನಗಿ ಮುಗಿದು ಒಂಬತ್ತು ದಿನವಾಗಿದೆಯಂತೆ. ನನ್ನ ಜೇಬಿನ ಡೈರಿಯ ಪ್ರಕಾರ ಇನ್ನೂ ಹದಿಮೂರು ದಿನ ಉಳಿದಿತ್ತು. ಡೈರಿ ತೆಗೆದು ತೋರಿಸಿದೆ. ಅವನು ಅದನ್ನು ನೋಡಲೂ ಇಲ್ಲ, ನನ್ನ ಹಿಂದೆ ನಿಂತವನ ಕಾಗದ ಇಸಿದುಕೊಂಡ.

ಇಕಾಮಾ ಅಂದರೆ ಆ ದೇಶದಲ್ಲಿದ್ದು ದುಡಿಯಲು ಕೊಡುವ ಪರವಾನಗಿ, ಅಂಗೈಯಗಲದ ಒಂದು ಪುಸ್ತಕ. ಅದನ್ನು ಮಾಡಿಸಿಕೊಡಬೇಕಾದವನು ಕಫೀಲ್, ಅಂದರೆ ನಮಗೆ ಜಾಮೀನು ನಿಂತ ಮಾಲೀಕ. ಊರಲ್ಲಿ ಕಾರ್ಖಾನೆಯ ಯಜಮಾನನ ಮೇಲೆ ಸಿಟ್ಟು ಬಂದರೆ ಊಟದ ಡಬ್ಬಿ ಎತ್ತಿಕೊಂಡು, ರಸ್ತೆ ದಾಟಿ ಎದುರಿನ ಕಾರ್ಖಾನೆಗೆ ಹೋಗಬಹುದು. ಉದ್ಯಮಬಾಗದಲ್ಲಿ ನಾನೇ ಎರಡು ಸಲ ಹಾಗೆ ಮಾಡಿದ್ದೆ. ಅಲ್ಲಿ ಹಾಗಲ್ಲ. ಹಳೆಯ ಕಫೀಲ್ ಇವನನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಬರೆದುಕೊಡಬೇಕು. ಆ ಪತ್ರಕ್ಕೆ ತನಾಜುಲ್ ಅನ್ನುತ್ತಾರೆ. ಹೊಸಬ ತೆಗೆದುಕೊಳ್ಳುತ್ತೇನೆ ಅನ್ನಬೇಕು. ಇಷ್ಟೆಲ್ಲ ಆಗುವಾಗ ಇಕಾಮಾ ಜೀವಂತವಾಗಿರಬೇಕು. ಮೊದಲಿನ ಎರಡನ್ನು ಕೂಡಿಸಲು ನನಗೆ ಎಂಟು ತಿಂಗಳು ಹಿಡಿದಿತ್ತು. ಮೂರನೆಯದು ಕೈಯಲ್ಲೇ ಇದೆ ಎಂದುಕೊಂಡು ನಿಶ್ಚಿಂತನಾಗಿದ್ದೆ.

ನಾನು ಅನಗೋಳದವನು, ಹೆಸರು ರಾಜೇಸಾಬ. ನಮ್ಮ ಅಬ್ಬಾ ಖರಾದಿ. ಕಟ್ಟಿಗೆಯನ್ನು ಗರಗರ ತಿರುಗಿಸಿ, ಉಳಿ ಹಿಡಿದು ಮಂಚದ ಕಾಲು, ತೊಟ್ಟಿಲ ಗುಬ್ಬಿ ಮಾಡುತ್ತಿದ್ದವರು. ನಾನು ಕಬ್ಬಿಣದ ಲೇಥಿಗೆ ಬಿದ್ದೆ, ಹತ್ತು ವರ್ಷ ಟರ್ನರ್ ಆಗಿ ದುಡಿದೆ. ಮುಂಬಯಿಯ ಏಜೆಂಟ್ ಟರ್ನರ್ ಎಂದು ಹೇಳಿಯೇ ಕಳಿಸಿದ. ಇಳಿದ ಮೇಲೆ ಇಕಾಮಾದಲ್ಲಿ 'ಆಮಿಲ್' ಎಂದಿತ್ತು, ಅಂದರೆ ಬರೀ ಕೂಲಿಯಾಳು. ಕಫೀಲನ ಕಂಪನಿಯ ಅಂಗಳದಲ್ಲಿ ಪೈಪು ಇಳಿಸುವುದು, ಪೈಪು ಒಟ್ಟುವುದು, ಪೈಪಿನ ಮೇಲಿನ ಉಸುಕು ಒರೆಸುವುದು. ಮಧ್ಯಾಹ್ನದ ಬಿಸಿಲಿಗೆ ಪೈಪು ಮುಟ್ಟಿದರೆ ಅಂಗೈ ಚುರ್ರೆನ್ನುತ್ತಿತ್ತು. ಅದನ್ನು ತಾಳಿಕೊಂಡೆ. ತಾಳಲಾಗದ್ದು ಬೇರೆ. ಕಬ್ಬಿಣದಲ್ಲಿ ತಿರುಪಿನ ಎಳೆ ಕೊರೆಯುವಾಗ ಕೈಗೆ ಗೊತ್ತಾಗುವ ಒಂದು ನಡುಕವಿರುತ್ತದೆ, ಅದು ಪುಸ್ತಕದಲ್ಲಿ ಇರುವುದಿಲ್ಲ. ಇನ್ನೆರಡು ವರ್ಷ ಹೀಗೇ ಹೋದರೆ ಕೈ ಅದನ್ನು ಮರೆತುಬಿಡುತ್ತದೆ ಅನ್ನುವ ಹೆದರಿಕೆ ನನ್ನನ್ನು ಕೊರೆಯುತ್ತಿತ್ತು.

ಹೊರಡುವಾಗ ಓಣಿಯವರೆಲ್ಲ "ನಿಮ್ಮ ಮಂದಿ ದೇಶ ಬಿಡೋ, ನಿನಗೇನು ತ್ರಾಸಿಲ್ಲ" ಅಂದಿದ್ದರು. ನಮ್ಮ ಮಂದಿ! ಮಸೀದಿಯಲ್ಲಿ ಚಿಕ್ಕಂದಿನಲ್ಲೇ ಅರಬ್ಬಿ ಅಕ್ಷರ ಕಲಿತಿದ್ದೆ, ಸರಾಗವಾಗಿ ಓದುತ್ತಿದ್ದೆ, ಅರ್ಥ ಮಾತ್ರ ಒಂದಕ್ಷರವೂ ಆಗುತ್ತಿರಲಿಲ್ಲ. ಅಂಗಡಿಯ ಫಲಕವನ್ನು ಗಟ್ಟಿಯಾಗಿ ಓದಿ, ಅದು ಕ್ಷೌರದ ಅಂಗಡಿಯೋ ಔಷಧದ ಅಂಗಡಿಯೋ ತಿಳಿಯದೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಖುಬ್ಬೂಸ್ ಎಂಬ ಅವರ ರೊಟ್ಟಿ ಮೆತ್ತಗೆ, ಹಲ್ಲಿಗೆ ಕೆಲಸವೇ ಇಲ್ಲ. ಜೋಳದ ರೊಟ್ಟಿಯನ್ನು ಮುರಿಯುವ ಸದ್ದಿಗೇ ನನಗೆ ಹಸಿವಾಗುತ್ತಿತ್ತು. ತಗಡಿನ ಕೋಣೆಯಲ್ಲಿ ಎಂಟು ಜನ. ಅದರಲ್ಲಿ ನನ್ನ ಮಾತು ಬಲ್ಲವನು ಒಬ್ಬನೇ, ಗುಂಜಿಯ ಪರಶುರಾಮ. ಖಾನಾಪುರ ತಾಲೂಕಿನ ಕಾಡಂಚಿನ ರೈತರ ಮನೆಯವನು, ನಮ್ಮ ಅಂಗಳದ ಕ್ರೇನ್ ನಡೆಸುತ್ತಿದ್ದ. ಕನ್ನಡದಲ್ಲಿ ಮಾತು ಶುರು ಮಾಡಿ ಮರಾಠಿಯಲ್ಲಿ ಬೈದು, ಮತ್ತೆ ಕನ್ನಡದಲ್ಲಿ ಮುಗಿಸುತ್ತಿದ್ದ. ಊರಲ್ಲಿದ್ದಾಗ ಖಾನಾಪುರದವನನ್ನು ಯಾರು ನಮ್ಮೂರವನು ಅನ್ನುತ್ತಿದ್ದರು? ದಮ್ಮಾಮಿನಲ್ಲಿ ಅವನು ನನ್ನ ಖಾಸಾ ತಮ್ಮನಾದ.

ಹೊಸ ಕೆಲಸ ಸಿಕ್ಕದ್ದು ಹೀಗೆ. ಕಂಪನಿಯ ಪಂಪಿನ ಶಾಫ್ಟು ತುಂಡಾಗಿ, ಅದನ್ನು ಹೊತ್ತು ಒಂದು ಲೇಥ್ ಅಂಗಡಿಗೆ ಹೋಗಿದ್ದೆ. ಅಲ್ಲಿನ ಕೆಲಸಗಾರ ಕೊರೆಯುವ ಟೂಲನ್ನು ಎತ್ತರ ತಪ್ಪಿಸಿ ಕಟ್ಟಿದ್ದ. ನನಗೆ ನೋಡಲಾಗಲಿಲ್ಲ. ಕೇಳದೆಯೇ ಕೈ ಹಾಕಿ ಸರಿಪಡಿಸಿದೆ. ಮಾಲೀಕ ಅಬೂ ಸಾಲೆಹ್ ಎಂಬ ಮುದುಕ, ಹಿಂದೆ ವ್ಯಾಪಾರಕ್ಕೆ ಮುಂಬಯಿ ಕಂಡವರು, ಮುರುಕು ಹಿಂದಿ ಬರುತ್ತಿತ್ತು. ನೀನೇ ಮಾಡು ಅಂದರು. ಮಾಡಿದೆ. ಶಾಫ್ಟಿನ ಮೇಲೆ ಬೆರಳಾಡಿಸಿ, ನನ್ನ ಹತ್ತಿರ ಬಂದುಬಿಡು ಅಂದರು. ಅವತ್ತಿನಿಂದ ಕಂಪನಿಯ ಮ್ಯಾನೇಜರನ ಬೆನ್ನು ಹತ್ತಿ ತನಾಜುಲ್ ಪತ್ರ ಪಡೆದೆ. ಪತ್ರ ಕೈಗೆ ಬಂದಾಗ ಅಬೂ ಸಾಲೆಹ್ ಊರಲ್ಲಿರಲಿಲ್ಲ. ತಮ್ಮ ಒಪ್ಪಿಗೆಯನ್ನು ಮೊದಲೇ ಬರೆದುಕೊಟ್ಟಿದ್ದರು, ಆದರೂ ಅವರು ಬಂದ ಮೇಲೆ ಹೋಗೋಣ ಎಂದುಕೊಂಡೆ. ಡೈರಿಯಲ್ಲಿ ಸಮಯ ಬೇಕಾದಷ್ಟಿತ್ತು. ಹತ್ತು ದಿನ ಕಾದೆ. ಪತ್ರ ಬಂದ ದಿನವೇ ಕಿಟಕಿಗೆ ಓಡಿದ್ದರೆ ಕೆಲಸವಾಗುತ್ತಿತ್ತು ಎಂದು ಈಗ ನೆನೆಸಿದರೂ ಹೊಟ್ಟೆ ಉರಿಯುತ್ತದೆ.

ಖಲಾಸ್ ಅನ್ನಿಸಿಕೊಂಡು ಕೋಣೆಗೆ ಬಂದಾಗ ಪರಶುರಾಮ ಈರುಳ್ಳಿ ಹೆಚ್ಚುತ್ತಿದ್ದ.

"ಯಾವಾಗ ಮುಗಿತೈತಿ ಅಂತ ಪುಸ್ತಕದಾಗ ಬರದಿಲ್ಲೇನು?" ಅಂದ.

"ಬರದೈತಿ. ಜುಮಾದಲ್ ಊಲಾ ಅಂತ ಅರಬ್ಬಿ ತಿಂಗಳಾ ಬರದೈತಿ."

"ಅಂದ್ರ ಯಾವ ತಿಂಗಳಾ?"

ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ತಿಂಗಳಿಗೆ ಕಿತಾಬಿನ ಹೆಸರಿಲ್ಲ. ಅಮ್ಮಾ ಎಣಿಸುವುದು ಬಾರಾ ವಫಾತ್, ಗ್ಯಾರವೀ, ಮದಾರ್, ಬಂದೇನವಾಜ್ ಎಂದು, ಹಬ್ಬ ಮತ್ತು ಸಂತರ ಉರುಸಿನ ಮೇಲೆ. ಹೋದ ರಂಜಾನಿನಿಂದ ಈಚೆಗೆ ಬೆರಳು ಮಡಿಚಿ ಎಣಿಸಿದಾಗ, ಈಗ ನಡೆದಿರುವ ಜುಮಾದಲ್ ಊಲಾ ಅಂದರೆ ಅಮ್ಮಾನ ಮದಾರ್ ತಿಂಗಳು ಎಂದು ಹೊಳೆಯಿತು. ಇಕಾಮಾ ಕೊಟ್ಟ ದಿನ ನಾನು ಮಾಡಿದ್ದು ಇಷ್ಟೇ. ಆ ದಿನದ ಇಂಗ್ಲಿಷ್ ತಾರೀಖಿಗೆ ಎರಡು ವರ್ಷ ಕೂಡಿಸಿ ಡೈರಿಯಲ್ಲಿ ಗೆರೆ ಎಳೆದಿದ್ದೆ.

ಪರಶುರಾಮ ಚಾಕು ಕೆಳಗಿಟ್ಟ. "ಅಲ್ಲೋ ರಾಜಾ, ಅಮಾಸಿ ಮ್ಯಾಲೆ ಎಣಿಸಿದ್ರ ವರ್ಷಕ್ಕ ಹನ್ನೊಂದು ದಿನಾ ಕಡಿಮಿ ಬೀಳತಾವ. ನಮ್ಮಲ್ಲಿ ಮೂರು ವರ್ಷಕ್ಕೊಮ್ಮೆ ಧೋಂಡ್ಯಾ ತಿಂಗಳಾ ಬಂದು ಸರಿ ಮಾಡತೈತಿ. ಅಳಿಯನ್ನ ಕರದು ಸಿಹಿ ಊಟಾ ಹಾಕತೀವಿ ನೋಡು, ಆ ಅಧಿಕಮಾಸ. ನಿಮಗ ಅದು ಇಲ್ಲ. ನಿಮ್ಮ ರಂಜಾನ್ ಒಮ್ಮೆ ಬ್ಯಾಸಗಿಗೆ, ಒಮ್ಮೆ ಥಂಡಿಗೆ ಬರೂದಿಲ್ಲೇನು? ಅದ ಇದು. ಎರಡು ವರ್ಷಕ್ಕ ಇಪ್ಪತ್ತೆರಡು ದಿನಾ ಹೋತು."

"ಇದನ್ನ ಮೊದಲ ಹೇಳಾಕ ಏನಾಗಿತ್ತು ನಿನಗ?"

"ನಿಮ್ಮ ಚಂದ್ರನ ಲೆಕ್ಕಾ ನಾ ಹೇಳಬೇಕೇನು? ನೀ ಮುಸಲ್ಮಾನ ಅದೀ, ಗೊತ್ತಿರತೈತಿ ಅಂತ ತಿಳಕೊಂಡೆ!"

ಅವನ ಮೇಲೆ ರೇಗಿದೆ. ರೇಗಿ ಏನು ಮಾಡುವುದು? ನಮ್ಮಲ್ಲಿ ಚಂದ್ರ ಅಮ್ಮಾನ ಖಾತೆ. ರೋಜಾ, ಹಬ್ಬ, ಉರುಸು, ಸತ್ತವರ ವರ್ಷದ ಫಾತಿಹಾ ಅವಳದು. ಸಾಲಿ, ಪಗಾರು, ಬಸ್ಸಿನ ಪಾಸು ಗೋಡೆಯ ಕ್ಯಾಲೆಂಡರಿನದು. ಒಂದು ಸರಕಾರಿ ಕಚೇರಿ ನಮ್ಮ ಅಮ್ಮಾನ ಚಂದ್ರನ ಮೇಲೆ ನಡೆಯಬಹುದು ಎಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಮುಂದಿನ ಮೂರು ತಿಂಗಳು ಗಾಣದ ಎತ್ತಿನ ಹಾಗೆ ತಿರುಗಿದೆ. ಮುಗಿದ ಇಕಾಮಾವನ್ನು ಹಳೆಯ ಕಫೀಲನೇ ನವೀಕರಿಸಬೇಕು. ಮ್ಯಾನೇಜರ್ ಅಂದ, ನೀನು ಬಿಟ್ಟು ಹೋಗುವವನು, ನಿನ್ನ ಇಕಾಮಾ ನಾವೇಕೆ ಮಾಡಿಸಬೇಕು, ಹೊಸಬನನ್ನು ಕೇಳು. ಕಿಟಕಿಯವನು ಅಂದ, ನವೀಕರಿಸದ ಹೊರತು ಹೊಸಬನ ಹೆಸರಿಗೆ ಬರೆಯುವುದಿಲ್ಲ. ಹಾಗಾದರೆ ತನಾಜುಲ್ ವಾಪಸು ತೆಗೆದುಕೊಳ್ಳಿ, ಇಲ್ಲೇ ಇರುತ್ತೇನೆ ಎಂದೂ ಹೇಳಿ ನೋಡಿದೆ. ಮ್ಯಾನೇಜರ್ ನಕ್ಕು, ನಿನ್ನ ಜಾಗಕ್ಕೆ ಬೇರೆಯವನು ಬರುತ್ತಿದ್ದಾನೆ, ಊರಿಗೆ ಹೋಗುವ ಚೀಟಿ ಬೇಕಾದರೆ ಕೊಡಿಸುತ್ತೇನೆ ಅಂದ. ಆ ಚೀಟಿ ತೆಗೆದುಕೊಂಡರೆ ಲೇಥೂ ಇಲ್ಲ, ಅಬೂ ಸಾಲೆಹ್ ಅವರೂ ಇಲ್ಲ. ಎರಡು ವರ್ಷ ಪೈಪು ಹೊತ್ತು ಬಂದವನು ಎಂದು ಉದ್ಯಮಬಾಗದಲ್ಲಿ ಮುಖ ತೋರಿಸಬೇಕು.

ಹೊರಗೆ ಕಾಲಿಟ್ಟರೆ ಪೊಲೀಸರ ತಪಾಸಣೆಯ ಭಯ. ಇಕಾಮಾ ಇಲ್ಲದವನಿಗೆ ಕೆಲಸವೂ ಇಲ್ಲ. ಹಾಗಾಗಿ ಆ ಅಲೆದಾಟ ಬಿಟ್ಟರೆ ಕೆಲಸಗಾರರ ಕ್ಯಾಂಪಿನ ಬೇಲಿಯೊಳಗೇ ಉಳಿದೆ. ಪರಶುರಾಮ ಕೆಲಸಕ್ಕೆ ಹೋದ ಮೇಲೆ ಇಡೀ ದಿನ ನಾನೊಬ್ಬನೇ. ಕೋಣೆ ಗುಡಿಸಿದೆ, ಎಂಟು ಜನರ ಬಟ್ಟೆ ಒಗೆದೆ, ಬಾಗಿಲ ಸದ್ದಾದರೆ ಬೆಚ್ಚಿದೆ. ಅಮ್ಮಾನಿಗೆ ಎಲ್ಲ ಆರಾಮ ಎಂದು ಪತ್ರ ಬರೆದೆ. ಬರೆದು ಹರಿದೆ, ಮತ್ತೆ ಅದನ್ನೇ ಬರೆದೆ. ಒಂದು ಮಧ್ಯಾಹ್ನ ಯಾಕೆಂದು ತಿಳಿಯದೆ ಅತ್ತೆ, ಅತ್ತದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಯಾರ ಮೇಲೆ ಸಿಟ್ಟಾಗಬೇಕು ಎಂದು ತಿಳಿಯದಿರುವುದು ಎಲ್ಲಕ್ಕಿಂತ ಕೆಟ್ಟದ್ದು. ಊರಿನ ಕಚೇರಿಯಲ್ಲಿ ಕನಿಷ್ಠಪಕ್ಷ ಕೂಗಾಡಬಹುದು, ಯಾರದೋ ಮಾವನ ಪರಿಚಯ ಹಿಡಿಯಬಹುದು. ಅಲ್ಲಿ ಕೂಗಾಡಲು ನನ್ನ ಹತ್ತಿರ ಭಾಷೆಯೇ ಇರಲಿಲ್ಲ.

ಇಷ್ಟು ದಿನವೂ ಅಬೂ ಸಾಲೆಹ್ ಅವರಿಗೆ ನಾನು ಮುಖ ತೋರಿಸಿರಲಿಲ್ಲ. ದಿನ ಎಣಿಸಲು ಬಾರದವನಿಗೆ ದಾರದಷ್ಟು ಸಣ್ಣ ಅಳತೆ ಯಾರು ನಂಬಿ ಕೊಡುತ್ತಾರೆ ಎಂಬ ನಾಚಿಕೆ. ಕೊನೆಗೆ ನನ್ನನ್ನು ಕೇಳದೆ ಪರಶುರಾಮನೇ ಹೋಗಿ ಹೇಳಿಬಂದ. ಮರುದಿನ ಮುದುಕರು ಕಂಪನಿಯ ಕಚೇರಿಗೆ ಬಂದರು. ಜಗಳವಿಲ್ಲ, ಧ್ವನಿ ಏರಿಸಲಿಲ್ಲ. ಮ್ಯಾನೇಜರನ ಎದುರು ಕೂತರು, ಚಹಾ ಕುಡಿದರು, ಅವನ ಮಕ್ಕಳ ಆರೋಗ್ಯ ಕೇಳಿದರು, ಮಧ್ಯಾಹ್ನದ ನಮಾಜಿನ ಹೊತ್ತಿಗೆ ಎದ್ದು ಹೋದರು. ಎರಡನೆಯ ದಿನವೂ ಅದೇ ಕುರ್ಚಿ, ಅದೇ ಚಹಾ. ನನ್ನ ಹೆಸರನ್ನೇ ಎತ್ತಲಿಲ್ಲ. ಮೂರನೆಯ ದಿನ ಮ್ಯಾನೇಜರ್ ತಾನಾಗಿ ನನ್ನ ನವೀಕರಣದ ಕಾಗದ ತರಿಸಿ ಸಹಿ ಮಾಡಿದ. ಮೂರು ತಿಂಗಳ ನನ್ನ ಗೋಗರೆತಕ್ಕೆ ಆಗದ್ದು ಮೂರು ಬಟ್ಟಲು ಚಹಾದಲ್ಲಿ ಆಯಿತು. ಖುಷಿಗಿಂತ ಹೆಚ್ಚು ರೋಷವೇ ಬಂದಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಮತ್ತೆ ಅದೇ ಕಚೇರಿ. ಹೊಸ ಪುಟ ಬರೆಯುವವನು "ಮಿಹ್ನಾ?" ಎಂದು ಕೇಳಿದ, ಅಂದರೆ ಕಸುಬು. ಟರ್ನರ್ ಅಂದೆ, ತಿಳಿಯಲಿಲ್ಲ. ಲೇಥ್ ಅಂದೆ, ತಿಳಿಯಲಿಲ್ಲ. ಎರಡೂ ಕೈಯಿಂದ ಲೇಥಿನ ಚಕ್ರ ತಿರುಗಿಸಿ ತೋರಿಸಿದೆ. ಅವನು ಸಂತೋಷದಿಂದ "ಡ್ರೈವರ್!" ಎಂದು ಬರೆಯಲು ಹೊರಟ. ಅಬೂ ಸಾಲೆಹ್ ಹೊರಗೆಲ್ಲೋ ನಿಂತಿದ್ದರು. ಇನ್ನೆರಡು ವರ್ಷ ಲಾರಿಯವನಾಗುತ್ತೇನೆ ಎಂಬ ದಿಗಿಲಿಗೆ "ಅರೇ, ಡ್ರೈವರ್ ಅಲ್ಲ, ಖರಾದಿ! ಖರಾದಿ!" ಎಂದು ಚೀರಿಬಿಟ್ಟೆ. ಅವನು ತಲೆ ಎತ್ತಿದ. "ಖರ್ರಾತ್?" ಅಂದ. ಹೌದು ಹೌದು ಎಂದು ತಲೆಯಾಡಿಸಿದೆ. ಅವನು ಬರೆದುಕೊಂಡ. ಅನಗೋಳದ ಓಣಿಯಲ್ಲಿ ಅಬ್ಬಾನನ್ನು ಕರೆಯುತ್ತಿದ್ದ ಶಬ್ದ ಅವರ ಭಾಷೆಯಲ್ಲೂ ಹೆಚ್ಚುಕಡಿಮೆ ಅದೇ ಆಗಿತ್ತು. ಆ ದೇಶದಲ್ಲಿ ನಾನು ಮನಸಾರೆ ನಕ್ಕಿದ್ದು ಅವತ್ತೇ ಮೊದಲು. ಒಂದು ವಾರದಲ್ಲಿ ಲೇಥಿನ ಮುಂದೆ ನಿಂತೆ. ಮೊದಲ ಎರಡು ದಿನ ಕೈ ಒರಟಾಗಿತ್ತು, ಆಮೇಲೆ ಎಳೆಯ ಆ ನಡುಕ ಮತ್ತೆ ಕೈಗೆ ಸಿಕ್ಕಿತು.

ವರ್ಷದ ಮೇಲೆ ರಜೆ ಸಿಕ್ಕಿ ಬೆಳಗಾವಿಗೆ ಬಂದೆ. ಪರಶುರಾಮ ಕೊಟ್ಟ ಗಂಟನ್ನು ಮುಟ್ಟಿಸಲು ಖಾನಾಪುರ ದಾಟಿ ಗುಂಜಿಗೆ ರೈಲಿನಲ್ಲಿ ಹೋದೆ. ಅವನ ಅಕ್ಕ ಗಂಟನ್ನು ಬಿಚ್ಚಲೇ ಇಲ್ಲ. "ಬರ್ರಿ, ಕುಂದರ್ರಿ" ಎಂದವಳು ನನ್ನ ಮುಖವನ್ನೇ ನೋಡುತ್ತ, "ಅವನೂ ನಿಮ್ಮಂಗ ಇಷ್ಟು ಸೊರಗ್ಯಾನೇನ್ರಿ?" ಎಂದು ಕೇಳಿದಳು. ಇಲ್ಲ, ದಪ್ಪಗಿದ್ದಾನೆ ಎಂದು ಸುಳ್ಳು ಹೇಳಿದೆ.

ಅನಗೋಳದಲ್ಲಿ ಅಮ್ಮಾ ರೇಷನ್ ಕಾರ್ಡು ತೆಗೆದಾಗ ನೋಡಿದೆ, ನನ್ನ ಹೆಸರಿನ ಮೇಲೆ ಗೆರೆ ಎಳೆದಿತ್ತು. ಯಾರು ಹೊಡೆದರು ಎಂದರೆ ತಾನೇ ಹೊಡೆಸಿದೆ ಅಂದಳು. ದಖನಿಯಲ್ಲಿ ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಇನ್‌ಸ್ಪೆಕ್ಟರ್ ಬಂದು ರಾಜೇಸಾಬ ಎಲ್ಲಿ ಅಂದ. ಇಲ್ಲಿ ಇಲ್ಲ ಅಂದೆ. ಇಲ್ಲದವನ ಪಾಲಿನ ಸಕ್ಕರಿ ತಂದು ತಿಂದ್ರ ಹರಾಮ್ ಅಲ್ಲೇನೋ?" ಅವಳ ಮೇಲೆ ಸಿಟ್ಟಾಗಲು ಕಾರಣವೇ ಇರಲಿಲ್ಲ. ಆದರೂ ಸಿಟ್ಟು ಬಂತು. ಕಾರ್ಡು ಹಿಡಿದು ಅವತ್ತೇ ಊರೊಳಗಿನ ರೇಷನ್ ಕಚೇರಿಗೆ ಹೋದೆ.

ಗುಮಾಸ್ತ ಒಳ್ಳೆಯವನು, ಕುರ್ಚಿ ಕೊಟ್ಟ. "ಈಗ ಕಾಯಂ ಬಂದೀರೇನ್ರಿ?" ಅಂದ.

"ಇಲ್ರಿ. ಮುಂದಿನ ತಿಂಗಳಾ ಹೊಂಟೀನ್ರಿ."

"ಹಂಗಾರ ಅಲ್ಲಿ ಕಾಯಂ ಅದೀರಿ."

"ಅಲ್ಲಿ ಯಾರನ್ನೂ ಕಾಯಂ ಮಾಡೂದಿಲ್ರಿ. ಎರಡೆರಡು ವರ್ಷಕ್ಕ ಬರದು ಕೊಡತಾರ."

ಅವನು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿದ. "ಮತ್ತ ನಿಮ್ಮನ್ನ ಎಲ್ಲಿ ಬರಕೊಳ್ಳೂಣು, ನೀವ ಹೇಳ್ರಿ" ಅಂದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಪೆನ್ನಿನ ಟೊಪ್ಪಿಗೆ ತೆಗೆದು, ನನ್ನ ಉತ್ತರಕ್ಕೆ ನಿಜಕ್ಕೂ ಕಾಯುತ್ತಿದ್ದ.